ಏಕಾಕಿದ್ವೀಪಾಟನಮೀಮಾಂಸೆ

ಶಾಸ್ತ್ರಾರಂಭಕ್ಕೆ ಮುನ್ನ ಅನುಬಂಧಚತುಷ್ಟಯವನ್ನು ಹೇಳುವುದು ಪೂರ್ವಾಚಾರ್ಯರ ಸಂಪ್ರದಾಯ; ಅದನ್ನು ಮೀರುವ ಧೈರ್ಯ ನಮಗಿಲ್ಲ. ಒಬ್ಬನೇ ಮನುಷ್ಯ ಬೆಳಿಗ್ಗೆ ಒಂದು ದ್ವೀಪಕ್ಕೆ ಹೋಗಿ, ಅಲ್ಲಿನ ಶಿಲ್ಪವನ್ನೂ ಕಾಡನ್ನೂ ನೋಡಿ, ಸಂಜೆಗೆ ಮರಳುವುದು ಇಲ್ಲಿಯ ವಿಷಯ. ಹಾಗೆ ಹೋದವನ ನಡೆ, ನಿಲುಗಡೆ, ದೃಷ್ಟಿ, ದಾಹಗಳನ್ನು ಭೇದೋಪಭೇದಸಹಿತ ವಿಂಗಡಿಸುವುದು ಪ್ರಯೋಜನ. ಮರುಪ್ರಯಾಣದ ಟಿಕೆಟನ್ನು ಕಳೆದುಕೊಳ್ಳದವನೇ ಅಧಿಕಾರಿ. ಶಾಸ್ತ್ರಕ್ಕೂ ವಿಷಯಕ್ಕೂ ಪ್ರತಿಪಾದಕ-ಪ್ರತಿಪಾದ್ಯ ಭಾವವೇ ಸಂಬಂಧ, ಇದರಲ್ಲಿ ವಿವಾದವಿಲ್ಲ. ಪುಂಲಿಂಗಪ್ರಯೋಗ ಲಾಘವಕ್ಕಾಗಿ ಮಾತ್ರ. ಸೂತ್ರಗಳು ಸ್ತ್ರೀಯರಿಗೂ ಸಮಾನವಾಗಿ ಅನ್ವಯಿಸುತ್ತವೆ.

ಅಧ್ಯಯನಕ್ಷೇತ್ರವಾಗಿ ಮುಂಬಯಿ ಬಂದರಿನ ಘಾರಾಪುರಿಯನ್ನು, ಎಂದರೆ ಪೋರ್ಚುಗೀಸರು ಎಲಿಫೆಂಟಾ ಎಂದು ಕರೆದ ದ್ವೀಪವನ್ನು, ಆರಿಸಿಕೊಂಡಿದ್ದೇವೆ. ಇದಕ್ಕೆ ಹೇತುದ್ವಯವಿದೆ. ಆರನೆಯ ಶತಮಾನದ ಮಧ್ಯಭಾಗದ ಶೈವಗುಹೆ, ಮಂಗಗಳಿರುವ ಕಾಡು, ಕಾಂಡ್ಲಾ ಗಿಡಗಳ ಕೆಸರುದಡ ಇವು ಮೂರೂ ಒಂದು ಹಗಲಿನ ನಡಿಗೆಯೊಳಗೆ ದೊರೆಯುವುದು ಮೊದಲನೆಯದು. ಪ್ರವಾಸಿಗಳಿಗೆ ಅಲ್ಲಿ ರಾತ್ರಿ ತಂಗಲು ಅನುಮತಿಯಿಲ್ಲದಿರುವುದು ಎರಡನೆಯದು. ಹೀಗಾಗಿ 'ದಿನ' ಎಂಬ ಪರಿಮಾಣವನ್ನು ನಾವು ಕಲ್ಪಿಸಬೇಕಾಗಿಲ್ಲ. ಸಂಜೆಯ ಕೊನೆಯ ಬೋಟೇ ಅದನ್ನು ನಿರ್ಣಯಿಸುತ್ತದೆ.

ಪ್ರಕರಣ 1: ಲಕ್ಷಣವಿಚಾರ

ಏಕಾಕಿ ಎಂದರೆ ಯಾರು? 'ಜೊತೆಗಾರರಿಲ್ಲದವನು' ಎಂಬುದು ಪೂರ್ವಪಕ್ಷ. ಇದು ನಿಲ್ಲದು. ಮನೆಯವರೊಂದಿಗೆ ಜಗಳವಾಡಿ ಬೋಟಿನ ಇನ್ನೊಂದು ಮೂಲೆಯಲ್ಲಿ ಮುಖ ತಿರುಗಿಸಿ ಕುಳಿತ ಗೃಹಸ್ಥನಿಗೂ ಈ ಲಕ್ಷಣ ತತ್ಕಾಲಕ್ಕೆ ಅಂಟಿಕೊಳ್ಳುವುದರಿಂದ ಅತಿವ್ಯಾಪ್ತಿ. 'ಒಂದೇ ಟಿಕೆಟ್ ಕೊಂಡವನು' ಎಂದರೆ, ಅವರವರ ದುಡ್ಡು ಅವರವರೇ ಕೊಡುವ ಮಿತ್ರಮಂಡಲಿಯ ಸದಸ್ಯರೆಲ್ಲರೂ ಏಕಾಕಿಗಳಾಗಿಬಿಡುತ್ತಾರೆ. 'ಮೌನವಾಗಿರುವವನು' ಎಂದರೆ ಅವ್ಯಾಪ್ತಿ. ಏಕಾಕಿಗಳಲ್ಲಿ ಬಹುಪಾಲು ಜನ ಫೋನಿನಲ್ಲಿ ಮಾತನಾಡುತ್ತಿರುತ್ತಾರೆ. ಆದ್ದರಿಂದ ಸಿದ್ಧಾಂತಲಕ್ಷಣ ಇದು: ಯಾವಾತ ಶೌಚಾಲಯಕ್ಕೆ ಹೋಗುವಾಗ ತನ್ನ ಚೀಲವನ್ನೂ ಒಳಗೆ ಒಯ್ಯುವನೋ ಆತ ಏಕಾಕಿ.

ಚೀಲವೇ ಇಲ್ಲದವನ ಗತಿಯೇನೆಂಬ ಆಕ್ಷೇಪ ಬರಬಹುದು. ನೀರಿನ ಬಾಟಲಿ, ಟವೆಲು, ಬಿಸ್ಕತ್ತಿನ ಪೊಟ್ಟಣ ಯಾವುದೂ ಇಲ್ಲದೆ ಜೆಟ್ಟಿಯಲ್ಲಿ ಇಳಿಯುವವನು ದ್ವೀಪವಾಸಿ. ಅವನು ಶೇತ್‌ಬಂದರ್, ರಾಜ್‌ಬಂದರ್, ಮೋರಾಬಂದರ್ ಎಂಬ ಮೂರು ಹಳ್ಳಿಗಳಲ್ಲೊಂದಕ್ಕೆ ಸೇರಿದವನು. ಅವನು ಮನೆಗೆ ಹೋಗುತ್ತಿದ್ದಾನೆ. ಅವನಿಗೆ ಈ ಶಾಸ್ತ್ರ ಬೇಕಿಲ್ಲ.

ಕನ್ನಡ ವಾಚಕರು ಇಲ್ಲಿ ಇಮ್ಮಡಿ ಪುಲಕೇಶಿಯ ಮಾತೆತ್ತುವರೆಂಬುದು ನಮಗೆ ಗೊತ್ತು. ಅವನು ಪಶ್ಚಿಮಸಮುದ್ರದ ಸಿರಿಯೆನಿಸಿದ 'ಪುರಿ'ಯನ್ನು ನೂರಾರು ನೌಕೆಗಳಿಂದ ಮುತ್ತಿದನೆಂದು ರವಿಕೀರ್ತಿಯ ಐಹೊಳೆ ಶಾಸನ (634) ಹೇಳುತ್ತದೆ. ನೌಕೆಗಳನ್ನು ಮದಗಜಗಳಿಗೆ ಹೋಲಿಸುತ್ತದೆ. ಆ ಪುರಿ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರು, ಅಲ್ಲವೆಂದು ಕೆಲವರು. ವಿವಾದ ಹೇಗೆ ಮುಗಿದರೂ ನಮ್ಮ ನಿರ್ಣಯ ಬದಲಾಗದು. ನೂರಾರು ನೌಕೆಗಳೊಂದಿಗೆ ಬಂದವನ ಚೀಲವನ್ನು ಕಾಯಲು ಜನರಿದ್ದರು. ಪುಲಕೇಶಿ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಪ್ರಕರಣ 2: ಜಲಗತಿ

ಗೇಟ್‌ವೇ ಆಫ್ ಇಂಡಿಯಾದಿಂದ ಬೋಟಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ಯಾತ್ರಿಕರು ದ್ವಿವಿಧ: ಅಧಸ್ತಲಸ್ಥರು ಮತ್ತು ಮೇಲಿನ ಅಟ್ಟಕ್ಕೆ ಹೆಚ್ಚಿನ ಹಣ ತೆತ್ತ ಊರ್ಧ್ವತಲಸ್ಥರು. ಚಳಿಗಾಲದಲ್ಲಿ ಕಡಲಹಕ್ಕಿಗಳು ಬೋಟಿನ ಬೆನ್ನು ಹತ್ತುವುದರಿಂದ ಎರಡನೆಯವರು ಮತ್ತೆ ಎರಡಾಗಿ ಒಡೆಯುತ್ತಾರೆ: ಹಕ್ಕಿಗೆ ತಿನಿಸು ಎಸೆಯುವವರು, ಎಸೆಯುವವರನ್ನು ಚಿತ್ರೀಕರಿಸುವವರು. ಏಕಾಕಿಗೆ ಎರಡನ್ನೂ ಒಟ್ಟಿಗೆ ಮಾಡಲು ಬಾರದು. ಈ ಅಶಕ್ತಿಗೆ 'ದ್ವಿಹಸ್ತತಾದೋಷ' ಎಂದು ಹೆಸರಿಟ್ಟಿದ್ದೇವೆ. ಮುಂದೆ ಮರ್ಕಟವಿಚಾರದಲ್ಲಿ ಇದು ಮತ್ತೆ ಬೇಕಾಗುತ್ತದೆ.

ದಾರಿಯಲ್ಲಿ ಜವಾಹರ ದ್ವೀಪ ಎದುರಾಗುತ್ತದೆ. ಆಗ ಪ್ರಥಮಯಾತ್ರಿಕನಲ್ಲಿ 'ಇದೇ ಘಾರಾಪುರಿ' ಎಂಬ ಜ್ಞಾನ ಹುಟ್ಟಿ, ಆತ ಎದ್ದು ಚೀಲ ಹೆಗಲಿಗೇರಿಸುತ್ತಾನೆ. ಇದು ಶುದ್ಧ ಅಧ್ಯಾಸ, ರಜ್ಜುವಿನಲ್ಲಿ ಸರ್ಪದಂತೆ. ತೈಲದ ಟ್ಯಾಂಕುಗಳು ಕಂಡೊಡನೆ ಬಾಧಜ್ಞಾನ ಉಂಟಾಗಿ ಭ್ರಾಂತಿ ನಿವೃತ್ತವಾಗುತ್ತದೆ, ಆದರೆ ಆಸನ ಮರಳಿ ದೊರೆಯುವುದಿಲ್ಲ. ಗುಂಪಿನಲ್ಲಿ ಬಂದವನಿಗೆ ಈ ನಷ್ಟವಿಲ್ಲ. ಅವನ ಆಸನದ ಮೇಲೆ ಆ ವೇಳೆಗೆ ಬಂಧುವೊಬ್ಬರು ಕೈಯಿಟ್ಟಿರುತ್ತಾರೆ.

ಪ್ರಕರಣ 3: ಸೋಪಾನಗತಿ

ಜೆಟ್ಟಿಯಿಂದ ಬೆಟ್ಟದ ಬುಡದವರೆಗೆ ಪುಟ್ಟ ರೈಲು. ಅದರಾಚೆ ಸುಮಾರು 120 ಮೆಟ್ಟಿಲು. ಎರಡೂ ಬದಿಗೆ ಮಣಿಸರ, ಟೋಪಿ, ಕಲ್ಲಿನ ಗಣಪತಿಗಳ ಅಂಗಡಿಸಾಲು, ಮೇಲೆ ನೀಲಿ ಟಾರ್ಪಾಲು. ಹತ್ತಲಾಗದವರಿಗೆ ಡೋಲಿ. ಇಲ್ಲಿ ಅಧ್ಯಯನಯೋಗ್ಯವಾದದ್ದು ಗತಿಯಲ್ಲ, ಗತ್ಯಭಾವ. ನಿಲುಗಡೆ ತ್ರಿವಿಧ: (1) ಶ್ವಾಸಾರ್ಥಕ, ಎಂದರೆ ಏದುಸಿರಿಗಾಗಿ ನಿಲ್ಲುವುದು, (2) ಕ್ರಯಾರ್ಥಕ, ಎಂದರೆ ಕೊಳ್ಳುವುದಕ್ಕಾಗಿ ನಿಲ್ಲುವುದು, (3) ಕ್ರಯವ್ಯಾಜಶ್ವಾಸಾರ್ಥಕ, ಎಂದರೆ ಕೊಳ್ಳುವವನಂತೆ ನಟಿಸಿ ಉಸಿರು ಸುಧಾರಿಸಿಕೊಳ್ಳುವುದು. ಮೂರನೆಯದರ ಗುರುತು ನಿಶ್ಚಿತ: ಬೆಲೆ ಕೇಳಿದವನು ಉತ್ತರ ಬರುವಾಗ ಮುಂದಿನ ಮೆಟ್ಟಿಲುಗಳನ್ನು ಎಣಿಸುತ್ತಿರುತ್ತಾನೆ. ಸಂಸಾರಸ್ಥನಿಗೆ 'ಮಗು ಸುಸ್ತಾಗಿದೆ' ಎಂಬ ಉಪಾಧಿ ಸದಾ ಲಭ್ಯ. ಏಕಾಕಿಗೆ ಅದಿಲ್ಲದ ಕಾರಣ ಅವನ ನಿಲುಗಡೆಗಳೆಲ್ಲ ಪ್ರಾಯಶಃ ಮೂರನೆಯ ವರ್ಗದವು. ಅಂಗಡಿಯವರು ಈ ವರ್ಗೀಕರಣವನ್ನು ನಮಗಿಂತ ಮೊದಲೇ ಬಲ್ಲರು. ಅಂಥವನಿಗೆ ಅವರು ಸರಕನ್ನು ತೋರಿಸದೆ ನೀರಿನ ಬಾಟಲಿಯನ್ನು ಮುಂದೆ ಹಿಡಿಯುತ್ತಾರೆ.

ಪ್ರಕರಣ 4: ಶಿಲ್ಪದರ್ಶನ

ಮಹಾಗುಹೆಯ ಉತ್ತರದ್ವಾರದಿಂದ ದಕ್ಷಿಣದ ಗೋಡೆಗೆ ಸುಮಾರು 39 ಮೀಟರ್. ಆ ಗೋಡೆಯ ನಡುಗೂಡಿನಲ್ಲಿ ಸುಮಾರು 5.45 ಮೀಟರ್ ಎತ್ತರದ ಸದಾಶಿವ. ಎಡಕ್ಕೆ ನಂದಿಯ ಮೇಲೆ ತೋಳೂರಿದ ಅರ್ಧನಾರೀಶ್ವರ, ಬಲಕ್ಕೆ ಗಂಗಾಧರ. ಸದಾಶಿವನ ಮುಖಗಳಲ್ಲಿ ಒಂದು ಮೀಸೆಯ ಅಘೋರ, ಕೈಯಲ್ಲಿ ಹಾವು. ಇನ್ನೊಂದು ವಾಮದೇವ, ಕೈಯಲ್ಲಿ ತಾವರೆಯ ಮೊಗ್ಗು. ನಡುವಿನ ತತ್ಪುರುಷನ ತುಟಿ ಮಾತ್ರ ಯಾವ ವರ್ಗಕ್ಕೂ ಸೇರದಷ್ಟು ನಿರ್ಲಿಪ್ತ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಮೊದಲು ಕಾಣಿಸುವುದು ಆ ಕೆಳತುಟಿಯ ದಪ್ಪ. ಇದನ್ನು ಶಾಸ್ತ್ರಕಾರನ ಸ್ವಾನುಭವವೆಂದು ಗಣಿಸಬೇಕು, ಸೂತ್ರವೆಂದಲ್ಲ.

ಮುಖಸಂಖ್ಯೆಯ ವಿಷಯದಲ್ಲಿ ದ್ರಷ್ಟೃಗಳು ಚತುರ್ವಿಧ. ಮೂರು ಕಂಡು ಮೂರೇ ಎನ್ನುವವರು ಪ್ರತ್ಯಕ್ಷವಾದಿಗಳು. ಮೂರಿದ್ದ ಮೇಲೆ ಬೆನ್ನ ಕಡೆ ನಾಲ್ಕನೆಯದೂ ಇರಬೇಕೆನ್ನುವವರು ಅನುಮಾನವಾದಿಗಳು. ಹಿಂದೆ ಸದ್ಯೋಜಾತ, ಮೇಲೆ ಈಶಾನ ಸೇರಿ ಐದೆಂದು ಆಗಮದಿಂದ ತಿಳಿದವರು ಶಬ್ದಪ್ರಮಾಣವಾದಿಗಳು. ಬ್ರಹ್ಮ, ವಿಷ್ಣು, ಮಹೇಶ್ವರರೆಂದು ಸಾರಿ ಮುಂದೆ ನಡೆಯುವವರು ತ್ರಿಮೂರ್ತಿವಾದಿಗಳು, ಬಹುಸಂಖ್ಯೆ ಇವರದೇ.

ಏಕಾಕಿ ಮೂರನೆಯ ವರ್ಗವನ್ನು ತಲುಪುವ ಮಾರ್ಗ ವಿಶಿಷ್ಟವಾದದ್ದು. ಅವನು ಗೈಡ್ ಇಟ್ಟುಕೊಳ್ಳುವುದಿಲ್ಲ. ಇತರರ ಗೈಡನ್ನು ಕೇಳುತ್ತಾನೆ. ಈ ಪರೋಪದೇಶಶ್ರವಣಕ್ಕೆ ಉಪಭೇದಗಳು ಮೂರು: ಸ್ತಂಭಾಂತರಿತ (ಕಂಬದ ಮರೆಯಿಂದ), ಮೊಬೈಲವ್ಯಾಜ (ಮೊಬೈಲು ನೋಡುವ ನೆಪದಿಂದ), ಪಾದಬಂಧ (ಬೂಟಿನ ಲೇಸು ಕಟ್ಟುವ ನೆಪದಿಂದ). ಗೈಡ್ ಅರ್ಧನಾರೀಶ್ವರನಿಂದ ಸದಾಶಿವನತ್ತ ಸರಿದಾಗ ಶ್ರೋತೃ ತಕ್ಷಣ ಸರಿಯಬಾರದು. ಸ್ವಲ್ಪ ವಿಳಂಬ ಶಿಷ್ಟಾಚಾರ. ಆದರೆ ಗಂಗಾಧರನ ಬಳಿಗೂ ಲೇಸು ಬಿಚ್ಚಿಕೊಂಡರೆ ಗೈಡಿನ ಧ್ವನಿ ತಗ್ಗುವುದು ನಿಯತ. ಹೀಗೆ ತಗ್ಗಿದ ಧ್ವನಿಯಿಂದ ಲೋಕಕ್ಕೆ ನಷ್ಟವಾದ ಇತಿಹಾಸಜ್ಞಾನ ಅಲ್ಪವಲ್ಲ. ಆದರೂ ಗುಹೆಯನ್ನು ಕಡೆಸಿದವರು ಯಾರೆಂಬ ಪ್ರಶ್ನೆಗೆ ಧ್ವನಿಯೇರಿಸಿದ ಗೈಡೂ ನಿರ್ಣಾಯಕ ಉತ್ತರ ಕೊಡಲಾರನು. ಇಲ್ಲಿದ್ದ ಶಿಲಾಶಾಸನವೊಂದನ್ನು ಪೋರ್ಚುಗೀಸರು ಕಿತ್ತು ತಮ್ಮ ರಾಜನಿಗೆ ಕಳುಹಿಸಿದರು. ಅದು ಮತ್ತೆ ಸಿಗಲಿಲ್ಲ. ಕಲಚುರಿಗಳೆಂಬ ಪಕ್ಷಕ್ಕೆ ಈಗ ಬಲ ಹೆಚ್ಚು.

ಪ್ರಕರಣ 5: ಪರಹಸ್ತಚ್ಛಾಯಾಗ್ರಹಣ

ಶಾಸ್ತ್ರದ ಮರ್ಮಸ್ಥಾನ ಇದು. ಸೆಲ್ಫಿಯಲ್ಲಿ ತನ್ನ ಮುಖವೂ ಅಷ್ಟು ಎತ್ತರದ ಸದಾಶಿವನೂ ಒಟ್ಟಿಗೆ ಹಿಡಿಸುವುದಿಲ್ಲ. ಆದ್ದರಿಂದ ಏಕಾಕಿ ತನ್ನ ಮೊಬೈಲನ್ನು ಅಪರಿಚಿತನ ಕೈಗೆ ಕೊಡಲೇಬೇಕು. ಪಾತ್ರನಿರ್ಣಯಕ್ಕೆ ಮೂರು ಗುಣಗಳು ವಿಹಿತ. ಅಪಲಾಯನಸಂಭಾವನೆ: ಓಡಿಹೋಗಲಾರದವನಾಗಿರಬೇಕು, ಮಗುವನ್ನೆತ್ತಿಕೊಂಡವನು ಉತ್ತಮ. ಉತ್ಕೃಷ್ಟಯಂತ್ರತ್ವ: ಅವನ ಮೊಬೈಲು ನಮ್ಮದಕ್ಕಿಂತ ದುಬಾರಿಯದಾಗಿರಬೇಕು. ಪರಸ್ಪರಾಕಾಂಕ್ಷೆ: ಅವನಿಗೂ ಚಿತ್ರ ಬೇಕಾಗಿರಬೇಕು. ಮೂರೂ ಗುಣಗಳು ಒಬ್ಬನಲ್ಲಿ ಕೂಡುವುದು ದುರ್ಲಭ. ಎರಡಕ್ಕೆ ತೃಪ್ತರಾಗುವುದು ಲೋಕರೂಢಿ.

ಫಲವಾಗಿ ಬರುವ ಚಿತ್ರಗಳು ಪಂಚವಿಧ: ಶಿರಶ್ಛೇದ, ದೇವಲೋಪ, ಪುರುಷಲೋಪ, ಅಂಗುಲ್ಯವತರಣ ಮತ್ತು ಸಾಧು. ಸಾಧುಚಿತ್ರ ವಿರಳ. ಶಿರಶ್ಛೇದವನ್ನು ಕಂಡರೂ 'ತುಂಬಾ ಚೆನ್ನಾಗಿದೆ, ಥ್ಯಾಂಕ್ಸ್' ಎನ್ನುವುದು ವಿಧಿ. ಪುನಃ ಯಾಚಿಸುವುದು ನಿಷಿದ್ಧವಲ್ಲದಿದ್ದರೂ ಮತ್ತೊಬ್ಬ ಪಾತ್ರನಲ್ಲಿ ಯಾಚಿಸುವುದು ಪ್ರಶಸ್ತ. ಮೊದಲನೆಯವನು ಮುಂದಿನ ಕಂಬ ದಾಟುವವರೆಗೆ ಕಾಯತಕ್ಕದ್ದು.

ತದನಂತರ ಪ್ರತ್ಯುಪಕಾರಋಣ. ಪಾತ್ರನ ಕುಟುಂಬವನ್ನು ಏಕಾಕಿಯೇ ಚಿತ್ರೀಕರಿಸಬೇಕು: ಮೊದಲು ಎಲ್ಲರೂ, ಆಮೇಲೆ ದಂಪತಿಗಳು, ಆಮೇಲೆ ಅಜ್ಜಿ ಮೊಮ್ಮಕ್ಕಳು, ಕೊನೆಗೆ ಕಣ್ಣು ಮುಚ್ಚಿದವರಿಗಾಗಿ ಮತ್ತೆ ಎಲ್ಲರೂ. ಈ ಸಂದರ್ಭದಲ್ಲಿ ಹುಬ್ಬಳ್ಳಿ ಕಡೆಯ ಕುಟುಂಬವಾದರೆ ಒಂದು ಮಾತು ತಪ್ಪದೆ ಬರುತ್ತದೆ: "ಚೀಲಾ ಇಲ್ಲೇ ಇಡ್ರಿ ಅಣ್ಣಾರ, ನಾವ್ ನೋಡ್ಕೋತೀವಿ." ಜಿಜ್ಞಾಸುಗಳು ಇಲ್ಲಿ ನಿಂತು ಯೋಚಿಸಬೇಕು. ನಮ್ಮ ಲಕ್ಷಣ ಚೀಲಾಶ್ರಿತ. ಚೀಲಕ್ಕೆ ಕಾವಲು ದೊರೆತ ಆ ಕ್ಷಣದಲ್ಲಿ ಏಕಾಕಿತ್ವ ನಾಶವಾಯಿತೇ, ತಿರೋಹಿತವಾಯಿತೇ? ನಾಶವೆಂದರೆ ಪ್ರಧ್ವಂಸಾಭಾವ, ಅದಕ್ಕೆ ಅಂತ್ಯವಿಲ್ಲ. ಆದರೆ ಕುಟುಂಬ ಜೋಳ ತಿನ್ನಲು ಹೊರಟೊಡನೆ ಆತ ಮತ್ತೆ ಏಕಾಕಿ. ಆದ್ದರಿಂದ ತಿರೋಧಾನವೇ ಸಿದ್ಧಾಂತ. ಬೋಟಿನ ತನಕ ಅವರೊಂದಿಗೇ ನಡೆದು, ಅವರ ಡಬ್ಬಿಯ ಚಪಾತಿ-ಚಟ್ನಿಪುಡಿಯನ್ನೂ ತಿಂದವನ ವಿಷಯ ಬೇರೆ. ಅವನು ಶಾಸ್ತ್ರಭ್ರಷ್ಟ, ಅವನ ವೃತ್ತಾಂತವನ್ನು ಕುಟುಂಬಪ್ರವಾಸಶಾಸ್ತ್ರಕ್ಕೆ ಒಪ್ಪಿಸಿದ್ದೇವೆ.

ಪ್ರಕರಣ 6: ಪ್ರಕೃತಿ

ಬಹುಜನರು ಮೊದಲ ಗುಹೆಯಿಂದಲೇ ಹಿಂದಿರುಗುವುದರಿಂದ ಈ ಪ್ರಕರಣ ಹ್ರಸ್ವ. ಪೂರ್ವದ ಬೆಟ್ಟದಲ್ಲಿ ಬೌದ್ಧಾವಶೇಷಗಳಿವೆ. ಇನ್ನೊಂದು ಶಿಖರದಲ್ಲಿ ಹಳೆಯ ಫಿರಂಗಿಗಳಿವೆ. ಏರಿದವನಿಗೆ ಗಾಳಿ ಮತ್ತು ಸಮುದ್ರ, ಏರದವನಿಗೆ ನಿಂಬೆ ಪಾನಕ. ಉಬ್ಬರವಿಳಿತಗಳಿಂದ ದ್ವೀಪದ ವಿಸ್ತೀರ್ಣವೇ ದಿನದಲ್ಲಿ ಬದಲಾಗುವುದರಿಂದ 'ದ್ವೀಪವನ್ನು ಪೂರ್ತಿ ನೋಡಿದೆ' ಎಂಬ ವಾಕ್ಯಕ್ಕೆ ಅರ್ಥನಿಶ್ಚಯವಿಲ್ಲ.

ಮಂಗಗಳ ಸಾಕ್ಷ್ಯ ಮಾತ್ರ ಉಪೇಕ್ಷಣೀಯವಲ್ಲ. ಗುಂಪಿನ ನಡುವೆ ಏಕಾಕಿಯನ್ನು ಅವು ದೂರದಿಂದಲೇ ಗುರುತಿಸುತ್ತವೆ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಬಾಟಲಿ, ಕಂಕುಳಲ್ಲಿ ಸುಟ್ಟ ಜೋಳ: ಮೂರು ವಸ್ತು, ಎರಡು ಕೈ. ದ್ವಿಹಸ್ತತಾದೋಷವನ್ನು ಅವು ಯಾವ ಗ್ರಂಥವನ್ನೂ ಓದದೆ ಬಲ್ಲವು. ಕಿತ್ತುಕೊಂಡ ಬಾಟಲಿಯ ಮುಚ್ಚಳ ತಿರುಗಿಸಿ, ಅರ್ಧ ಕುಡಿದು, ಉಳಿದದ್ದನ್ನು ಚೆಲ್ಲುವವು ಪ್ರೌಢ. ತಳವನ್ನು ಕಚ್ಚಿ ತೂತು ಮಾಡುವವು ಮುಗ್ಧ. ಏಕಾಕಿಯ ನಿರ್ಣಯದಲ್ಲಿ ಸ್ವತಂತ್ರ ಪರೀಕ್ಷಕರಿಬ್ಬರಿಗೆ, ಎಂದರೆ ನಮಗೂ ಅವುಗಳಿಗೂ, ಏಕವಾಕ್ಯತೆ ದೊರೆತಿರುವುದು ಲಕ್ಷಣದ ನಿರ್ದುಷ್ಟತೆಗೆ ಪ್ರಬಲ ಪ್ರಮಾಣ.

ಪರಿಶಿಷ್ಟ

'ಎಲಿಫೆಂಟಾದಲ್ಲಿ ಆನೆ ಎಲ್ಲಿ?' ಎಂದು ಕೇಳುವವರಿಗೆ ಅನುಪಲಬ್ಧಿಪ್ರಮಾಣದಿಂದ ಉತ್ತರಿಸಬೇಕು. ಹೆಸರಿಗೆ ಕಾರಣವಾದ ಕಲ್ಲಾನೆಯ ತಲೆ ಕತ್ತುಗಳು 1814ರಲ್ಲಿ ಉದುರಿದವು, 1864ರಲ್ಲಿ ಅದನ್ನು ಮುಂಬಯಿಗೆ ಸಾಗಿಸಿದರು, 1912ರಲ್ಲಿ ಜೋಡಿಸಿದರು. ಈಗ ಅದು ಭಾಯಖಳಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಅಂಗಳದಲ್ಲಿದೆ. ನಿಷ್ಠಾವಂತ ಏಕಾಕಿ ಬೋಟ್ ಇಳಿದು ಅಲ್ಲಿಗೂ ಹೋಗತಕ್ಕದ್ದು. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಳ್ಳತಕ್ಕದ್ದು.

ಸೋಮವಾರ ಈ ಶಾಸ್ತ್ರಕ್ಕೆ ಅನಧ್ಯಯನ. ಅಂದು ಗುಹೆಗಳಿಗೆ ರಜೆ.