ಗೋಡೆಯ ಮೇಲೆ ಕಾಯಂ ವಾಸವಿರುವ ಸಮತೋಲನ ಆಹಾರಕ್ಕೊಂದು ಬಹಿರಂಗ ಪತ್ರ

ಗೆ,
ಶ್ರೀಮಾನ್ ಸಮತೋಲನ ಆಹಾರದವರು,
ಬಣ್ಣದ ಚಿತ್ರಪಟ, ಅಂಗನವಾಡಿಯ ಗೋಡೆ.

ವಿಷಯ: ಗೋಡೆಯಿಂದ ಇಳಿದು ತಟ್ಟೆಗೆ ಬರುವ ಬಗ್ಗೆ.
ಉಲ್ಲೇಖ: 1975ರಿಂದ ಈವರೆಗೆ ಹೊರಟ ಎಲ್ಲ ಸುತ್ತೋಲೆಗಳು.

ಮಾನ್ಯರೇ,

ದೇಹಕ್ಕೆ ಬೇಕಾದ ಶಕ್ತಿ, ಪ್ರೋಟೀನು, ಕೊಬ್ಬು, ವಿಟಮಿನ್ನು, ಖನಿಜಗಳನ್ನು ತಕ್ಕ ಪ್ರಮಾಣದಲ್ಲಿ ಒದಗಿಸುವ ಊಟಕ್ಕೆ ಸಮತೋಲನ ಆಹಾರ ಎಂದು ಹೆಸರು. ಇದು ಪಠ್ಯಪುಸ್ತಕದ ವ್ಯಾಖ್ಯೆ. ಊರುಗಳಲ್ಲಿ ಇದರ ಪರಿಚಯ ಬೇರೆ: ಹಾಲಿನ ಲೋಟ, ಮೊಟ್ಟೆ, ಮೀನು, ಸೇಬು, ದ್ರಾಕ್ಷಿ ಗೊಂಚಲು ಇರುವ, ಮೂಲೆಗೆ ಮೊಳೆ ಹೊಡೆದ ಒಂದು ಚಿತ್ರ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಆಯ್ಕೆಯಾದ ಜಾಗ ತಿರುಮಕೂಡಲು ನರಸೀಪುರ. ಅಲ್ಲಿಂದ ಹೊರಟ ಕಾವೇರಿ ಕೊಳ್ಳೇಗಾಲದ ಪಕ್ಕ ಹಾದು, ಶಿವನಸಮುದ್ರದಲ್ಲಿ ಧುಮುಕಿ, ಮೇಕೆದಾಟು ದಾಟಿ, ಹೊಗೇನಕಲ್ಲಿನ ಬಂಡೆ ಬಳಸಿ, ಗೋಪಿನಾಥಂ ಸೀಮೆಗೆ ತಾಗಿದಂತೆ ಮೆಟ್ಟೂರು ಜಲಾಶಯ ಸೇರುತ್ತದೆ. ನೀರು ಕೆಲವೇ ದಿನಗಳಲ್ಲಿ ಮುಗಿಸುವ ಈ ಪ್ರಯಾಣದಲ್ಲಿ ಸಮತೋಲನ ಆಹಾರದವರು ಐವತ್ತು ವರ್ಷದಿಂದ ಇದ್ದಾರೆ. ಅವರು ಎಲ್ಲಿ ತಂಗಿದ್ದಾರೆಂದು ವಿಚಾರಿಸುವುದೇ ಈ ಪತ್ರದ ಉದ್ದೇಶ.

ದಾರಿ ತಪ್ಪಿರಬಹುದೆಂಬ ಅನುಮಾನಕ್ಕೆ ಮೊದಲು ವಿಳಾಸ. ಗೋಪಿನಾಥಂ ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಅಂಚಿನ ಊರು. ಜಿಲ್ಲಾ ಕೇಂದ್ರದಿಂದ ಕೊಳ್ಳೇಗಾಲ, ಹನೂರು, ಕೌದಳ್ಳಿ, ಮಲೆ ಮಹದೇಶ್ವರ ಬೆಟ್ಟ, ಪಾಲಾರ್ ಮೂಲಕ ಹೆಚ್ಚುಕಡಿಮೆ 150 ಕಿ.ಮೀ. ಕೊಳ್ಳೇಗಾಲಕ್ಕಿಂತ ಮೆಟ್ಟೂರು ಹತ್ತಿರ, ಕನ್ನಡಕ್ಕಿಂತ ತಮಿಳು ಹೆಚ್ಚು. 1956ರ ನವೆಂಬರ್ 1ರವರೆಗೆ ಈ ಸೀಮೆಯೆಲ್ಲ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಒಂದು ಕಡೆ ಕಾವೇರಿ ವನ್ಯಜೀವಿಧಾಮ, ಇನ್ನೊಂದು ಕಡೆ ಮಲೆ ಮಹದೇಶ್ವರ ವನ್ಯಜೀವಿಧಾಮ. ಆನೆಗೂ ಹುಲಿಗೂ ಇಲ್ಲಿ ಧಾಮವಿದೆ. ಊಟಕ್ಕೆ ಮಾತ್ರ ಕಡತವಿದೆ.

ಈ ಸೀಮೆಯ ತಟ್ಟೆ ಮೊದಲಿನಿಂದಲೂ ಬರಿದಾಗಿತ್ತೆಂದು ಭಾವಿಸುವುದು ಕಚೇರಿಗಳ ವಾಡಿಕೆ. ಅದು ಹಾಗಿರಲಿಲ್ಲ. ಮಳೆಯಾಶ್ರಯದ ಹೊಲದಲ್ಲಿ ರಾಗಿ, ಅದರ ಸಾಲಿನ ನಡುವೆ ಅವರೆ, ಸಾಸಿವೆ, ಬದಿಯಲ್ಲಿ ಹುರುಳಿ. ಮಧ್ಯಾಹ್ನ ಹಿಟ್ಟು, ಅಂದರೆ ಮುದ್ದೆ; ಬೆಳಗ್ಗೆ ಅಂಬಲಿ. ತಮಿಳುನಾಡು ಗಡಿಯ ಪಾಲಾರ್ ಹಳ್ಳದ ಆಚೆ ಅದೇ ಹಿಟ್ಟಿಗೆ ಕಳಿ, ಅದೇ ಅಂಬಲಿಗೆ ಕೂಳು. ಹೆಸರು ಬದಲಾದರೂ ಹೊಟ್ಟೆಗೆ ಸಿಗುವ ಸುಣ್ಣದಂಶ ಒಂದೇ: ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದ್ದರೆ, ಅಷ್ಟೇ ತೂಕದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಬೆಟ್ಟದ ಪೋಡುಗಳೆಂಬ ಹಾಡಿಗಳಲ್ಲಿ ಬುಡಕಟ್ಟಿನವರಾದ ಸೋಲಿಗರಿಗೆ ಇದರ ಮೇಲೆ ಕಾಡಿನ ಗೆಣಸು, ಜೇನು, ನೆಲ್ಲಿ, ಮಳೆ ಬಿದ್ದೊಡನೆ ಚಿಗುರುವ ಬಗೆಬಗೆಯ ಸೊಪ್ಪು. ಹೊಸ ರಾಗಿ ಬಂದಾಗ ಅವರು ಮಾಡುವ ರೊಟ್ಟಿ ಹಬ್ಬಕ್ಕೆ ಯಾವ ಇಲಾಖೆಯ ಅನುದಾನವೂ ಬೇಕಿರಲಿಲ್ಲ.

ಇಷ್ಟು ಸುಲಭವಾಗಿ ಸಿಗುವ ಪೌಷ್ಟಿಕತೆ ಆಡಳಿತಕ್ಕೆ ಒಗ್ಗುವಂಥದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಸೋಲಿಗರ ಕುಮರಿ ಬೇಸಾಯ ನಿಂತಿತು, ಕಾಡಿಗೆ ಬೆಂಕಿ ಕೊಡುವ ಪದ್ಧತಿ ಅಪರಾಧವಾಯಿತು, ಗೆಣಸು ಕೀಳಲು ಹೋದವರು ಅತಿಕ್ರಮಣಕಾರರಾದರು. 2006ರ ಅರಣ್ಯ ಹಕ್ಕು ಕಾಯ್ದೆ ಈ ತಪ್ಪನ್ನು ತಿದ್ದುವ ಮಾತಾಡಿ, ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಗೆಡ್ಡೆ, ಬೇರು, ಜೇನನ್ನು ಹೆಸರಿಸಿಯೇ ಸೇರಿಸಿತು. ಬಿಳಿಗಿರಿರಂಗನ ಬೆಟ್ಟದ 25 ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಹಕ್ಕುಪತ್ರ ದೊರೆಯಿತು. ಹೀಗೆ ತಲೆಮಾರುಗಳಿಂದ ತಿನ್ನುತ್ತಿದ್ದ ಗೆಣಸನ್ನು ತಿನ್ನಬಹುದೆಂದು ಸಂಸತ್ತು ಒಪ್ಪಿಕೊಂಡಿತು. ಗೆಣಸಿಗೆ ಈ ವಿಷಯ ಇನ್ನೂ ತಲುಪಿಲ್ಲ. ಕಾವಲುಗಾರರಿಗೂ ಎಲ್ಲ ಕಡೆ ತಲುಪಿಲ್ಲ.

ಕಾಡು ಕೈಬಿಟ್ಟ ಜಾಗಕ್ಕೆ ಅಕ್ಕಿ ಬಂತು. 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಹಸಿವನ್ನು ಹಿಂದಕ್ಕೆ ತಳ್ಳಿತೆಂಬುದನ್ನು ತಟ್ಟೆ ಮರೆತಿಲ್ಲ. ಆದರೆ ಹಸಿವು ನೀಗುವುದು ಒಂದು, ದೇಹ ಕಟ್ಟುವುದು ಇನ್ನೊಂದು. 2023ರ ಜುಲೈಯಿಂದ ಹೆಚ್ಚುವರಿ ಐದು ಕಿಲೋ ಅಕ್ಕಿಗೆ ಬದಲಾಗಿ ಕಿಲೋಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಬಿತ್ತು. 2025ರಲ್ಲಿ ದುಡ್ಡು ಹೋಗಿ ಮತ್ತೆ ಅಕ್ಕಿ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ಸಚಿವ ಸಂಪುಟ ಒಪ್ಪಿತು. ಅನ್ನದ ಜೊತೆ ಬೇಳೆಯೂ ಬೇಕೆಂಬ ಸಂಶೋಧನೆಗೆ ಸರ್ಕಾರಗಳಿಗೆ ಹನ್ನೆರಡು ವರ್ಷ ಹಿಡಿಯಿತು. ಹಿಟ್ಟಿನ ಮಗ್ಗುಲಲ್ಲಿ ಹುರುಳಿ ಸಾರು ಇಟ್ಟ ಅಜ್ಜಿಯರಿಗೆ ಇದಕ್ಕೆ ಎಷ್ಟು ಹೊತ್ತು ಬೇಕಾಯಿತೆಂಬ ದಾಖಲೆ ಇಲ್ಲ.

ಅಕ್ಕಿ, ರಾಗಿಗಳ ಜಗಳ ಕನ್ನಡಕ್ಕೆ ಹೊಸದಲ್ಲ. ಹದಿನಾರನೆಯ ಶತಮಾನದಲ್ಲಿ ಕನಕದಾಸರು ಬರೆದ 'ರಾಮಧಾನ್ಯ ಚರಿತೆ'ಯಲ್ಲಿ ಎರಡೂ ಧಾನ್ಯಗಳನ್ನು ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸಲಾಯಿತು. ಅಕ್ಕಿ ಸೊರಗಿತು, ರಾಗಿ ಗೆದ್ದಿತು. ಗೋದಾಮುಗಳು ಈ ತೀರ್ಪಿನ ಮೇಲೆ ಮೇಲ್ಮನವಿ ಹೋಗಿ ಗೆದ್ದಂತೆ ಕಾಣುತ್ತದೆ. ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ರಾಗಿಗೂ ಪಾಲಿದೆ, ನಿಜ. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ ಎಂಬುದೂ ನಿಜ. ಆದರೆ ಖರೀದಿ ಕೇಂದ್ರಕ್ಕೆ ರಾಗಿ ತರುವವರ ಕೈಯಲ್ಲಿ ಪಹಣಿ ಆಧಾರಿತ ನೋಂದಣಿ ಸಂಖ್ಯೆ ಇರಬೇಕು. ಕಾಡಂಚಿನ ಭೂಮಿಗೆ ಪಹಣಿ ಇಲ್ಲದವರ ರಾಗಿ ಸರ್ಕಾರದ ಕಣ್ಣಿಗೆ ರಾಗಿಯೇ ಅಲ್ಲ. ಅದು ದಲ್ಲಾಳಿಯ ಕೈಗೆ ಹೋಗಿ ನಗರ ಮುಟ್ಟುತ್ತದೆ. ಅಲ್ಲಿ ಅದರ ನೆಂಟರಾದ ನವಣೆ, ಸಾಮೆ, ಹಾರಕಗಳನ್ನು ಬಣ್ಣದ ಪೊಟ್ಟಣದಲ್ಲಿ ಕೂರಿಸಲಾಗಿದೆ. ಬಡವರು ತಿನ್ನುವಾಗ ಇವುಗಳಿಗೆ ತೃಣಧಾನ್ಯವೆಂದು ಹೆಸರಿತ್ತು; ಸಿರಿವಂತರು ತಿನ್ನತೊಡಗಿದ ಮೇಲೆ ಸಿರಿಧಾನ್ಯವೆಂದಾಯಿತು. 2023ನ್ನು ವಿಶ್ವಸಂಸ್ಥೆ ಇವುಗಳ ವರ್ಷವೆಂದು ಆಚರಿಸಿತು. ಬೆಳೆದವರ ವರ್ಷ ಯಾವುದೆಂದು ಇನ್ನೂ ಘೋಷಣೆಯಾಗಿಲ್ಲ.

ರಾಗಿ, ಸೊಪ್ಪು ಹೋದ ಮೇಲೆ ಕಬ್ಬಿಣದಂಶದ ಕೊರತೆ ಬಂತು. ಕೊರತೆಗೆ ಮದ್ದಾಗಿ ಸಾರವರ್ಧಿತ ಅಕ್ಕಿ ಬಂತು. ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಕಾರ್ಖಾನೆಯಲ್ಲಿ ಎರಕ ಹೊಯ್ದ ಒಂದು ಕಾಳನ್ನು ನೂರು ಸಾಧಾರಣ ಕಾಳಿನ ನಡುವೆ ಸೇರಿಸುವುದು ಇದರ ವಿಧಾನ. ತೊಳೆಯುವಾಗ ಆ ಕಾಳು ತೇಲುತ್ತದೆ. ತೇಲಿದ್ದನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಎಸೆಯುವುದು ಅಡುಗೆಮನೆಯ ವಿಧಾನ. ಹೀಗೆ ನೂರರಲ್ಲಿ ಒಂದಾಗಿ ಬಂದ ಪೌಷ್ಟಿಕತೆ ಕೋಳಿಯ ಪಾಲಾಗುತ್ತದೆ. ಕುಡುಗೋಲು ಕಣ ರಕ್ತಹೀನತೆ ಇರುವವರು ಕಬ್ಬಿಣ ಬೆರೆಸಿದ ಆಹಾರ ತಿನ್ನಬಾರದೆಂಬ ಎಚ್ಚರಿಕೆಯನ್ನು ಚೀಲದ ಮೇಲೆ ಮುದ್ರಿಸಬೇಕೆಂದು 2018ರ ನಿಯಮ ಹೇಳಿತ್ತು. ಸೋಲಿಗರಲ್ಲಿ ಈ ಕಾಯಿಲೆ ಇದೆ. ಚೀಲ ಅಂಗಡಿಯಲ್ಲಿ ಉಳಿಯುತ್ತಿತ್ತು, ಅಕ್ಕಿ ಮನೆಗೆ ಹೋಗುತ್ತಿತ್ತು. ಎಚ್ಚರಿಕೆ ಓದುವ ಅವಕಾಶ ಅಂಗಡಿಯ ಇಲಿಗಿತ್ತು.

ಅಂಗಡಿಗೆ ಹೋಗುವುದೂ ಒಂದು ಪಾಠ. ದೊಡ್ಡಾಣೆ, ತೋಕೆರೆ, ಇಂಡಿಗನತ್ತ, ನಾಗಮಲೆಯಂಥ ಬೆಟ್ಟದ ಊರುಗಳಲ್ಲಿ ಪಡಿತರ ಎಂದರೆ ಮೈಲಿಗಟ್ಟಲೆ ಕಾಡುದಾರಿಯ ತಲೆಹೊರೆ. ಯಂತ್ರಕ್ಕೆ ಹೆಬ್ಬೆಟ್ಟು ಬೇಕು, ಹೆಬ್ಬೆಟ್ಟಿಗೆ ಗೆರೆ ಬೇಕು, ಯಂತ್ರಕ್ಕೂ ಹೆಬ್ಬೆಟ್ಟಿಗೂ ನೆಟ್‌ವರ್ಕ್ ಬೇಕು. ಕಲ್ಲು ಹೊತ್ತು, ಕಳೆ ಕಿತ್ತು ಗೆರೆ ಸವೆದವರು ಬದುಕಿದ್ದಾರೆಂದು ಯಂತ್ರ ಒಪ್ಪುವವರೆಗೆ ಅಕ್ಕಿ ಕಾಯುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಈಗ ಪೂಜಾರಿಯೂ ಬೇಕಿಲ್ಲ.

ತಾಯಂದಿರ ವಿಷಯದಲ್ಲಿ ಗಣಿತ ಇನ್ನೂ ಸ್ವಾರಸ್ಯಕರ. 2017ರ ಅಕ್ಟೋಬರ್ 2ರಂದು ರಾಜ್ಯದೆಲ್ಲೆಡೆ ಬಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕಿತ್ತು. ಬೀದಿಯ ತುದಿಯಲ್ಲಿ ಅಂಗನವಾಡಿ ಇರುವ ಊರಿಗೆ ಇದು ಒಳ್ಳೆಯ ಯೋಜನೆ. ಮನೆಗಳು ಗುಡ್ಡಕ್ಕೊಂದರಂತೆ ಚದುರಿದಲ್ಲಿ, ಏಳು ತಿಂಗಳ ಬಸುರಿ ಇಳಿದು ಉಂಡು ಮತ್ತೆ ಏರಿದರೆ ಊಟದ ಶಕ್ತಿ ದಾರಿಗೇ ಸಾಕು. ಕೂಸಿನ ಪಾಲು ಬಾಕಿ.

ಶಾಲೆಯ ಮಕ್ಕಳ ಮೊಟ್ಟೆಯ ಕಥೆಗೆ ಪಾಲಾರ್ ಹಳ್ಳವೇ ಸಾಕ್ಷಿ. ಆಚೆ ದಡದ ತಮಿಳುನಾಡಿನಲ್ಲಿ 1982ರಿಂದ ಪೌಷ್ಟಿಕ ಊಟ, 2010ರಿಂದ ವಾರಕ್ಕೆ ಐದು ಮೊಟ್ಟೆ, 2022ರ ಸೆಪ್ಟೆಂಬರ್‌ನಿಂದ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ಉಪಾಹಾರ. ಈಚೆ ದಡದಲ್ಲಿ ಬಿಸಿಯೂಟ ಬಂದದ್ದು ಈ ಶತಮಾನದ ಆರಂಭದಲ್ಲಿ, ಹಾಲು 2013ರಲ್ಲಿ. ಮೊಟ್ಟೆ ಮಾತ್ರ ಬಹುಕಾಲ ಚರ್ಚೆಯಲ್ಲೇ ಬೇಯುತ್ತಿತ್ತು. 2021ರ ಡಿಸೆಂಬರ್‌ನಲ್ಲಿ ಉತ್ತರದ ಕೆಲವು ಜಿಲ್ಲೆಗಳಿಗೆ ಸಿಕ್ಕಿ, ಮುಂದೆ ರಾಜ್ಯಕ್ಕೆ ಹಬ್ಬಿ, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ 2024ರಲ್ಲಿ ವಾರಕ್ಕೆ ಆರಾಯಿತು. ಆಚೆ ದಡದ ಕೂಸಿಗೂ ಈಚೆ ದಡದ ಕೂಸಿಗೂ ಭಾಷೆ ಒಂದೇ, ಮಾರಿಯಮ್ಮ ಒಬ್ಬಳೇ. ಬೆಳಗಿನ ಹಸಿವು ಮಾತ್ರ ರಾಜ್ಯ ಪುನರ್ವಿಂಗಡಣೆಗೆ ಒಳಪಟ್ಟಿದೆ.

ಇಷ್ಟಕ್ಕೆಲ್ಲ ಕಡತದಲ್ಲಿ ಬರೆದಿರುವ ಕಾರಣ ಒಂದೇ: 'ದುರ್ಗಮ ಪ್ರದೇಶ'. ಈ ಕಾರಣವನ್ನು ಪರಿಶೀಲಿಸಬೇಕು. ಗೋಪಿನಾಥಂ ಕಾಡುಗಳ್ಳ ವೀರಪ್ಪನ್ ಹುಟ್ಟಿದ ಊರು. ಅವನನ್ನು ಹಿಡಿಯಲು ನಿಂತ ವಿಶೇಷ ಕಾರ್ಯಪಡೆ ಅವನು ಹತನಾದ 2004ರ ಅಕ್ಟೋಬರ್ 18ರವರೆಗೆ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಕಾಡುಗಳಲ್ಲಿ ಬಿಡಾರ ಹೂಡಿತ್ತು. ಆ ಬಿಡಾರಗಳಿಗೆ ಅಕ್ಕಿ, ಬೇಳೆ, ತರಕಾರಿ ಹೋಗುತ್ತಿತ್ತು. ಆಗ ಪ್ರದೇಶ ದುರ್ಗಮವಾಗಿರಲಿಲ್ಲ. ಇದೇ ಊರಲ್ಲಿ ಮನೆ ಕಟ್ಟಿಸಿ, ಔಷಧಿ ತಂದು, ಮಾರಿಯಮ್ಮನ ಗುಡಿ ಎಬ್ಬಿಸಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ 1991ರ ನವೆಂಬರ್ 10ರಂದು ಕೊಂದ. ಅವರ ಕಣ್ಣಿಗೂ ಊರು ದುರ್ಗಮವಾಗಿ ಕಂಡಿರಲಿಲ್ಲ. 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯಲ್ಲಿ ಮೂಲಸೌಕರ್ಯ ಕೇಳಿ ಮತದಾನ ಬಹಿಷ್ಕರಿಸಿದ ಇಂಡಿಗನತ್ತದಲ್ಲಿ ಗಲಾಟೆಯಾಗಿ ಮತಯಂತ್ರ ಒಡೆಯಿತು. 29ಕ್ಕೆ ಹೊಸ ಯಂತ್ರ, ಸಿಬ್ಬಂದಿ, ಬಂದೋಬಸ್ತಿನೊಡನೆ ಮರುಮತದಾನ. ಮೂರೇ ದಿನ! ಪ್ರವಾಸಿಗರು ಬಂದರೆ ಗೋಪಿನಾಥಂನ ಸರ್ಕಾರಿ ಕಾಡು ಶಿಬಿರಕ್ಕೆ ಊಟ ತಪ್ಪದೆ ಬರುತ್ತದೆ. ಐದು ರೂಪಾಯಿಯ ಕುರುಕಲು ಪೊಟ್ಟಣವಂತೂ ಯಾವ ಆದೇಶವೂ ಇಲ್ಲದೆ, ಯಾರ ಹೆಬ್ಬೆಟ್ಟನ್ನೂ ಕೇಳದೆ, ಕೊನೆಯ ಪೆಟ್ಟಿಗೆ ಅಂಗಡಿಯಲ್ಲಿ ಮಾಲೆಯಾಗಿ ತೂಗುತ್ತಿದೆ. ಬರಬೇಕೆಂದವರೆಲ್ಲ ಬಂದಿದ್ದಾರೆ.

ಆದ್ದರಿಂದ ಸಮತೋಲನ ಆಹಾರದವರ ಪ್ರಯಾಣಕ್ಕೆ ಅನುಕೂಲವಾಗುವಂತೆ ಈ ಕೆಳಗಿನ ಸಲಹೆಗಳನ್ನು ಅವಗಾಹನೆಗೆ ತರಲಾಗಿದೆ. ಒಂದು, ಪಹಣಿ ಇಲ್ಲದವರ ರಾಗಿ, ಅವರೆ, ಹುರುಳಿಯನ್ನು ಗ್ರಾಮಸಭೆಯ ದೃಢೀಕರಣದ ಮೇಲೆ ಬೆಂಬಲ ಬೆಲೆಗೆ ಕೊಂಡು, ಅದೇ ತಾಲ್ಲೂಕಿನ ಪಡಿತರ, ಅಂಗನವಾಡಿ, ಬಿಸಿಯೂಟಕ್ಕೆ ಕೊಡುವುದು. ಎರಡು, ಮತಯಂತ್ರ ಹೋದ ದಾರಿಯಲ್ಲೇ ತಿಂಗಳಿಗೊಮ್ಮೆ ಪಡಿತರ ಹೋಗುವುದು. ನೆಟ್‌ವರ್ಕ್ ಇಲ್ಲದಲ್ಲಿ ಪುಸ್ತಕದ ಸಹಿ ಸಾಕೆನ್ನುವುದು. ಮೂರು, ದೂರದ ತಾಯಂದಿರಿಗೆ ಊಟದ ಸಾಮಗ್ರಿಯನ್ನು ಮನೆಗೇ ಮುಟ್ಟಿಸುವುದು. ನಾಲ್ಕು, ಹನೂರಿನ ಪೋಡುಗಳಿಗೂ ಸಮುದಾಯ ಅರಣ್ಯ ಹಕ್ಕನ್ನು ಬಾಕಿ ಉಳಿಸದೆ ಕೊಟ್ಟು, ಗೆಣಸು ಕೀಳುವವರ ಗುದ್ದಲಿಯನ್ನು ಆಯುಧವೆಂದು ಬರೆದುಕೊಳ್ಳದಿರುವುದು. ಐದು, ಪಾಲಾರ್ ಆಚೆಯಿಂದ ಬೆಳಗಿನ ಉಪಾಹಾರವನ್ನು ನಕಲು ಮಾಡುವುದು. ಇದಕ್ಕೆ ಜಲವಿವಾದ ನ್ಯಾಯಮಂಡಳಿಯ ಅನುಮತಿ ಬೇಕಿಲ್ಲ. ಆರು, ಚಿತ್ರಪಟವನ್ನು ಹೊಸದಾಗಿ ಬರೆಸಿ, ಸೇಬಿನ ಜಾಗದಲ್ಲಿ ನೆಲ್ಲಿ, ದ್ರಾಕ್ಷಿಯ ಜಾಗದಲ್ಲಿ ಸೊಪ್ಪು, ನಡುವೆ ಹಿಟ್ಟು, ಪಕ್ಕದಲ್ಲಿ ಮೆಟ್ಟೂರು ಹಿನ್ನೀರಿನ ಮೀನು ಬಿಡಿಸಿ, ಕೆಳಗೆ ಕನ್ನಡದ ಜೊತೆ ತಮಿಳಿನಲ್ಲೂ ಹೆಸರು ಬರೆಯುವುದು.

ಈ ಸಲಹೆಗಳಿಗೆ ಆರ್ಥಿಕ ಇಲಾಖೆಯ ಆಕ್ಷೇಪ ಬರಬಹುದೆಂಬ ಕಾರಣಕ್ಕೆ ತಿಳಿಸುವುದೇನೆಂದರೆ, ರಾಗಿ ಇಲ್ಲೇ ಬೆಳೆಯುತ್ತದೆ, ಸೊಪ್ಪು ತಾನಾಗಿ ಬೆಳೆಯುತ್ತದೆ, ಮೀನು ತಾನಾಗಿ ಈಜುತ್ತದೆ.

ಸೂಕ್ತ ಕ್ರಮಕ್ಕಾಗಿ ಸಲ್ಲಿಸಿದೆ.

ತಮ್ಮ ವಿಶ್ವಾಸಿ,
ಊಟದ ತಟ್ಟೆ,
ಗೋಪಿನಾಥಂ, ಹನೂರು ತಾಲ್ಲೂಕು.

ಪ್ರತಿ: ಪಾಲಾರ್ ಹಳ್ಳಕ್ಕೆ, ಎರಡೂ ದಡಗಳ ಮಾಹಿತಿಗಾಗಿ.

ಅಡಕ: ರಾಗಿ, ಒಂದು ಹಿಡಿ. ಕಡತ ವಿಲೇವಾರಿಯಾಗುವವರೆಗೆ ಕೆಡುವುದಿಲ್ಲ. ಆರು ತಿಂಗಳ ಪರೀಕ್ಷೆ ಹಿಂದೆಯೇ ಆಗಿದೆ.