ಬೈಗೆ ಮೀನಿನ ಹೊಟ್ಟೆಯಲ್ಲಿರುವ ಕಿಣ್ವಗಳಿಗೊಂದು ಬಹಿರಂಗ ಪತ್ರ

ಮಾನ್ಯ ಕಿಣ್ವ ಮಹಾಶಯರೇ,

ಗಂಗೊಳ್ಳಿ, ಕೊಡೇರಿ, ಹಂಗಾರಕಟ್ಟೆ ಕಡೆಯ ಮೀನುಪ್ರಿಯರೆಲ್ಲರ ಪರವಾಗಿ ನಿಮಗೆ ಅಭಿನಂದನೆ. ಧಣಿ ಬಲೆಗೆ ಬಿದ್ದು ಪ್ರಾಣ ಬಿಟ್ಟ ಮೇಲೂ ಕೆಲಸ ನಿಲ್ಲಿಸದವರು ನೀವು. ಬೈಗೆ ತಿಂದದ್ದನ್ನು ಜೀರ್ಣಿಸುವುದಷ್ಟೇ ನಿಮಗೆ ಒಪ್ಪಿಸಿದ ಕೆಲಸ. ಅದು ಮುಗಿದರೆ ಸುಮ್ಮನೆ ಕೂರುವ ಜಾಯಮಾನ ನಿಮ್ಮದಲ್ಲ. ಕರುಳನ್ನು ಕರಗಿಸಿ, ಹೊಟ್ಟೆಯ ತೆಳು ಮಾಂಸಕ್ಕೂ ಕೈ ಹಾಕುತ್ತೀರಿ. ಮಧ್ಯಾಹ್ನದ ಬುಟ್ಟಿಯಲ್ಲಿ ಹೊಟ್ಟೆ ಒಡೆದು ಕರುಳು ಹೊರಬಿದ್ದ ಬೈಗೆ ಕಂಡರೆ ನಾವು ಮೀನು ಮಾರುವವರನ್ನು ಬೈಯುತ್ತೇವೆ. ಅದು ನಿಮ್ಮ ಕೈಕೆಲಸ ಎಂದು ಯಾರೂ ಹೇಳುವುದಿಲ್ಲ. ಈ ಅನ್ಯಾಯ ಸರಿಪಡಿಸಬೇಕೆಂದೇ ಬರೆಯುತ್ತಿದ್ದೇನೆ.

ಆದರೆ ಕೀರ್ತಿಯೆಲ್ಲ ನಿಮ್ಮದೇ ಎಂದು ಬೀಗಬೇಡಿ. ನಿಮಗೆ ಬೇಕಾದದ್ದು ಬಿಸಿ ಮತ್ತು ಸಮಯ. ಎರಡನ್ನೂ ಒದಗಿಸುವವರು ನಾವು.

ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ನಮ್ಮ ಮೊದಲ ಪ್ರಶ್ನೆ ಕೇಳಿದ್ದೀರಲ್ಲ? “ಅಕ್ಕ, ಐಸ್ ಮೀನ್ ಅಲ್ಲ ಅಲ್ದಾ?” ಅತ್ತ ಕಡೆಯಿಂದ, “ಇಲ್ಲ ಮಾರಾಯ್ರೆ, ಈಗಷ್ಟೇ ಬಂದದ್ದ್!” ಐಸಿನ ಚೂರು ಕಂಡರೆ ನಮಗೆ ಮುಖ ಸಿಂಡರಿಸುವಷ್ಟು ಮಡಿ. ಪಾಪ, ಆಕೆ ಗಿರಾಕಿಯ ಮನಸ್ಸು ನೋಯಬಾರದೆಂದು ಐಸನ್ನು ಬುಟ್ಟಿಯ ತಳಕ್ಕೆ ತಳ್ಳಿ, ಮೇಲಿನ ಮೀನನ್ನು ಬಿಸಿಲಿಗೆ ತೋರಿಸಿ ಕೂರುತ್ತಾಳೆ. ನಾವು ಸಂತೋಷದಿಂದ ಕೊಂಡು, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಸಿ, ಸ್ಕೂಟರಿಗೆ ತೂಗುಹಾಕಿ, ಶಾಸ್ತ್ರಿ ಸರ್ಕಲ್ಲಿನಲ್ಲಿ ಒಂದು ಚಾ ಕುಡಿದು, ಸಿಕ್ಕಿದವರ ಹತ್ತಿರ ಲೋಕಾಭಿರಾಮ ಮಾತಾಡಿ, ಬಿಸಿಲೇರಿದ ಮೇಲೆ ಮನೆ ಮುಟ್ಟುತ್ತೇವೆ. ಬಿಸಿ ಏರಿದ ಹಾಗೆ ಅಣುಗಳ ಓಡಾಟ, ಢಿಕ್ಕಿ ಹೆಚ್ಚುತ್ತದೆ. ಒಂದು ಹಂತದವರೆಗೆ, ಪ್ರತಿ 10 ಡಿಗ್ರಿಗೆ ನಿಮ್ಮ ವೇಗ ಹೆಚ್ಚುಕಮ್ಮಿ ಇಮ್ಮಡಿ. ಹಲವು ಮೀನುಗಳಲ್ಲಿ ನಿಮ್ಮ ಬಳಗದ ಟ್ರಿಪ್ಸಿನ್ ಅತಿ ಚುರುಕಾಗುವುದು 50 ಡಿಗ್ರಿಯ ಆಸುಪಾಸಿನಲ್ಲಂತೆ. ಕಡಲಿನಲ್ಲಿ ಬೈಗೆ ಬದುಕಿದ್ದಾಗ ಕಾಣದ ಸುಖವನ್ನು ನಿಮಗೆ ಏಪ್ರಿಲ್ ತಿಂಗಳ ಸ್ಕೂಟರ್ ಸವಾರಿ ಕೊಡುತ್ತದೆ.

ಐಸಿನ ಲೆಕ್ಕ ನಿಮಗೂ ಗೊತ್ತಿರಲಿ, ಶತ್ರುವಿನ ಬಲ ತಿಳಿದಿರಬೇಕು. ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಸುಮಾರು 80 ಕಿಲೋಕ್ಯಾಲರಿ ಶಾಖ ಹೀರುತ್ತದೆ. 28 ಡಿಗ್ರಿಯಲ್ಲಿರುವ ಒಂದು ಕಿಲೋ ಮೀನನ್ನು ಸೊನ್ನೆಗೆ ಇಳಿಸಲು 25ರಷ್ಟು ಸಾಕು. ಕಾಗದದ ಮೇಲೆ ಮೂರು ಕಿಲೋ ಮೀನಿಗೆ ಒಂದು ಕಿಲೋ ಐಸು. ಆದರೆ ಸುತ್ತಲಿನ ಸೆಕೆಯೂ ಐಸನ್ನೇ ತಿನ್ನುವುದರಿಂದ, ನಮ್ಮಂಥ ಊರಿಗೆ ಮೀನಿನಷ್ಟೇ ತೂಕದ ಐಸು ಬೇಕೆನ್ನುತ್ತಾರೆ ತಿಳಿದವರು. ಸೊನ್ನೆ ಡಿಗ್ರಿಗೆ ಹೋಲಿಸಿದರೆ 10 ಡಿಗ್ರಿಯಲ್ಲಿ ಮೀನು ಸುಮಾರು ನಾಲ್ಕು ಪಟ್ಟು ಬೇಗ ಕೆಡುತ್ತದಂತೆ. ಬೋಟಿನಲ್ಲಿ ಐಸು ತುಂಬಿಸಿಕೊಂಡು ಹೋಗುವವರಿಗೆ ಇದು ಅನುಭವದಿಂದಲೇ ಗೊತ್ತು. ದಡದ ಮೇಲೆ ನಿಂತು “ಐಸ್ ಮೀನು” ಎಂದು ಮೂಗು ಮುರಿಯುವವರು ನಾವು ಮಾತ್ರ.

ಬಂಗುಡೆಯಲ್ಲಿ ನಿಮ್ಮ ನೆಂಟರ ಸಾಹಸ ಇನ್ನೂ ದೊಡ್ಡದು. ಕಿವಿರು, ಕರುಳಿನ ಬ್ಯಾಕ್ಟೀರಿಯಾಗಳ ಕಿಣ್ವವೊಂದು ಮಾಂಸದ ಹಿಸ್ಟಿಡಿನ್ ಅನ್ನು ಹಿಸ್ಟಮಿನ್ ಆಗಿ ಬದಲಿಸುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪು, ಮೈ ತುರಿಕೆ, ತಲೆನೋವು. ಆಗ ನಾವು, “ಬಂಗುಡೆ ನಂಜು, ನಮಗೆ ಆಗಿಬರುವುದಿಲ್ಲ” ಎಂದು ಮೀನಿನ ಮೇಲೆ ಹಾಕಿಬಿಡುತ್ತೇವೆ. ಸ್ವಲ್ಪ ಬಾಡಿದ್ದರೇನಂತೆ, ಹುಳಿ ಖಾರ ಹಾಕಿ ಚೆನ್ನಾಗಿ ಕುದಿಸಿದರೆ ಆಯಿತು ಎನ್ನುವವರೂ ಇದ್ದಾರೆ. ಕುದಿಯುವ ಪದಾರ್ಥದಲ್ಲಿ ನಿಮ್ಮ ಮಡಿಕೆಗಳೆಲ್ಲ ಬಿಚ್ಚಿ, ನೀವು ಮತ್ತೆ ಏಳದಂತೆ ಮಲಗುತ್ತೀರಿ, ನಿಜ. ಆದರೆ ಆಗಲೇ ತಯಾರಾದ ಹಿಸ್ಟಮಿನ್‌ಗೆ ಆ ಬೆಂಕಿ ತಟ್ಟುವುದಿಲ್ಲ. ಸತ್ತರೂ ನಿಮ್ಮ ಕೊಡುಗೆ ಅಮರ!

ತಮಾಷೆಯೆಂದರೆ, ಬೆಂಕಿ ಯಾವಾಗ ಹಚ್ಚಬೇಕೆಂದು ಈ ಊರಿಗೆ ಗೊತ್ತಿಲ್ಲದ್ದಲ್ಲ. ತೌಡಿನಲ್ಲಿರುವ ನಿಮ್ಮ ದಾಯಾದಿ ಲೈಪೇಸನ್ನು ಕೇಳಿ. ಬೆಳ್ತಿಗೆ ಅಕ್ಕಿಯ ಮಿಲ್ಲಿನಲ್ಲಿ ತೌಡು ಬೇರೆಯಾದ ಗಳಿಗೆಯಿಂದಲೇ ಅವನು ಎಣ್ಣೆ ಒಡೆಯತೊಡಗುತ್ತಾನೆ, ತೌಡಿಗೆ ಕಮಟು ಹಿಡಿಯುತ್ತದೆ. ಬ್ರಹ್ಮಾವರ, ಬೈಂದೂರು ಕಡೆಯ ಅಜ್ಜಿಯರು ಭತ್ತವನ್ನು ನೆನೆಸಿ, ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ ಆಮೇಲೆ ಕುಚ್ಚಲಕ್ಕಿ ಮಾಡಿಸಿದರು. ಅವನು ಕೆಲಸ ಶುರು ಮಾಡುವ ಮೊದಲೇ ಅವನ ಕಥೆ ಮುಗಿಸಿದರು. ಅದೇ ಕುಚ್ಚಲಕ್ಕಿ ಅನ್ನದ ಜೊತೆಗೆ ನಾವು ಬಡಿಸಿಕೊಳ್ಳುವುದು ನೀವು ಇಡೀ ಬೆಳಗ್ಗೆ ದುಡಿದು ಮುಗಿಸಿದ ಮೀನನ್ನು.

ಆದ್ದರಿಂದ ಧೈರ್ಯವಾಗಿರಿ. ಐಸು ಕಂಡರೆ ಮಾರು ದೂರ ಹಾರುವ ಗಿರಾಕಿಗಳು ಇರುವವರೆಗೆ ಕರಾವಳಿಯಲ್ಲಿ ನಿಮಗೆ ಕೆಲಸದ ಬರವಿಲ್ಲ.

ಇತಿ,
ಐಸ್ ಮೀನು ಮುಟ್ಟದ ನಿಮ್ಮ ನಿತ್ಯ ಪೋಷಕ

ತಾ.ಕ.: ಜೂನ್ 1ರಿಂದ ಜುಲೈ 31ರವರೆಗೆ ಬೋಟು ಇಳಿಯುವುದಿಲ್ಲವಲ್ಲ, ಅದಕ್ಕೆಂದು ಸ್ವಲ್ಪ ಬೈಗೆ ಫ್ರೀಜರಿಗೆ ಹಾಕಿಟ್ಟಿದ್ದೇನೆ. ಅಲ್ಲಿ ನೀವು ಸಾಯುವುದಿಲ್ಲ, ನಿಧಾನವಾಗುತ್ತೀರಿ ಅಷ್ಟೇ ಎಂದು ತಿಳಿದಿದೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಕಾಣುವ.