ಸೂಜಿಮೆಣಸಿನ ಕರ್ತೃತ್ವ ವಿಚಾರ

ಕವಿರಾಜಮಾರ್ಗ ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ಕನ್ನಡದ ವಿದ್ವಾಂಸರು ಒಂದು ಶತಮಾನ ಕಾದಾಡಿದರು. ಆ ಕಾಳಗಕ್ಕೆ ಸಂದ ಕಾಗದದಲ್ಲಿ ಒಂದು ಹಾಳೆಯಾದರೂ, ಸಿದ್ದಾಪುರ ತಾಲೂಕಿನ ನಮ್ಮ ಮನೆಯ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬುಡಕ್ಕಿರುವ ಸೂಜಿಮೆಣಸಿನ ಗಿಡವನ್ನು ನೆಟ್ಟವರು ಯಾರು ಎಂಬ ಪ್ರಶ್ನೆಗೆ ಸಿಗಲಿಲ್ಲ. ಈ ಕೊರತೆ ತುಂಬಲು ಪ್ರಸ್ತುತ ಸಂಶೋಧಕನು ಎರಡು ಮಳೆಗಾಲ, ಇಪ್ಪತ್ನಾಲ್ಕು ಗ್ರೋ ಬ್ಯಾಗು ಮತ್ತು ಒಬ್ಬ ಭಾವನನ್ನು ವ್ಯಯ ಮಾಡಿದ್ದಾನೆ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕು. ವಿಷಯ, ಸೂಜಿಮೆಣಸು. ಪ್ರಯೋಜನ, ಅಪ್ಪೆಹುಳಿ. ಅಧಿಕಾರಿ, ಅಂದರೆ ಇದನ್ನು ಓದಲು ಯೋಗ್ಯನಾದವನು, ಮೆಣಸು ಕೊಯ್ದ ಕೈಯಲ್ಲಿ ಒಮ್ಮೆಯಾದರೂ ಕಣ್ಣು ಉಜ್ಜಿಕೊಂಡವನು. ಸಂಬಂಧ, ಅಕ್ಕನ ಗಂಡ. ಅವರ ಪ್ರಸಂಗ ಮುಂದೆ ಬರುತ್ತದೆ.

ಮೊದಲಿಗೆ ಹೆಸರಿನ ತಕರಾರು. ಕನ್ನಡದಲ್ಲಿ ಮೆಣಸು ಎಂದರೆ ಮೂಲತಃ ಬಳ್ಳಿಯಲ್ಲಿ ಬಿಡುವ ಕರಿಯ ಕಾಳು. ನಮ್ಮ ಮಾವಿನಗುಂಡಿಯಿಂದ ಘಟ್ಟ ಇಳಿದರೆ ಸಿಗುವ ಗೇರುಸೊಪ್ಪೆಯಲ್ಲಿ 16ನೇ ಶತಮಾನದ ಉತ್ತರಾರ್ಧದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದದ್ದು ಈ ಕಾಳಿನ ದೆಸೆಯಿಂದ. ಅತ್ತ ಕೊಲಂಬಸ್ ಇದೇ ಕಾಳು ಹುಡುಕಿಕೊಂಡು 1492ರಲ್ಲಿ ಹೊರಟವನು ಬೇರೆ ಖಂಡಕ್ಕೆ ಹೋಗಿ ಮುಟ್ಟಿದ. ಅಲ್ಲಿ ಕಂಡ ಕೆಂಪು ಕಾಯನ್ನು ಕಚ್ಚಿ ನೋಡಿ, ಬರಿಗೈಯಲ್ಲಿ ಹೇಗೆ ಹಿಂದಿರುಗುವುದು ಎಂದು, ಅದನ್ನೂ ಮೆಣಸೆಂದೇ ಕರೆದ. 1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರ ಹಿಂದೆಯೇ ಈ ಕಾಯಿಯೂ ನಮ್ಮ ಕಡಲ ದಂಡೆಗೆ ಇಳಿಯಿತು. ಬಂದದ್ದು ಒಕ್ಕಲಾಗಿ. ನೋಡನೋಡುತ್ತ ಹೆಸರನ್ನೇ ತನ್ನದು ಮಾಡಿಕೊಂಡಿತು. ಇವತ್ತು ಅಂಗಡಿಯಲ್ಲಿ ಸುಮ್ಮನೆ ಮೆಣಸು ಎಂದರೆ ಬ್ಯಾಡಗಿಯೋ ಗುಂಟೂರೋ ಎಂದು ಕೇಳುತ್ತಾರೆ. ಸಾವಿರಾರು ವರ್ಷದ ಮೂಲ ವಾರಸುದಾರ 'ಕಾಳುಮೆಣಸು' ಎಂದು ಅಡ್ಡಹೆಸರು ಇಟ್ಟುಕೊಂಡು ತಿರುಗಬೇಕಾಗಿದೆ. ಈ ಅನ್ಯಾಯದ ಬಗ್ಗೆ ನಮ್ಮ ತೋಟದ ಮೆಣಸಿನ ಬಳ್ಳಿಗಳು ಇದುವರೆಗೆ ಬಾಯಿ ಬಿಟ್ಟಿಲ್ಲ.

ನಮ್ಮ ಗಿಡ ಈ ವಲಸೆಗಾರರಲ್ಲೇ ಅತಿ ಸಣ್ಣ ಕುಳ. ಶಾಸ್ತ್ರೀಯ ನಾಮ ಕ್ಯಾಪ್ಸಿಕಂ ಫ್ರೂಟೆಸೆನ್ಸ್. ಕಾಯಿ ಬೆರಳ ಗೆಣ್ಣಿನಷ್ಟೂ ಇಲ್ಲ; ಉಳಿದ ಮೆಣಸು ತಲೆ ತಗ್ಗಿಸಿ ಜೋತು ಬಿದ್ದರೆ ಇದು ಆಕಾಶಕ್ಕೆ ಮುಖ ಮಾಡಿ ನೆಟ್ಟಗೆ ನಿಲ್ಲುತ್ತದೆ. ಅದಕ್ಕೇ ಸೂಜಿ. ಜೀರಿಗೆ ಮೆಣಸು ಎನ್ನುವವರೂ ಇದ್ದಾರೆ. ದಕ್ಷಿಣ ಕನ್ನಡಕ್ಕೆ ಹೋದರೆ ಗಾಂಧಾರಿ ಮೆಣಸು. ಮಹಾಭಾರತದ ಗಾಂಧಾರಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡದ್ದು ಪತಿಭಕ್ತಿಯಿಂದ ಎಂಬುದು ಪ್ರಚಲಿತ ಮತ. ಆಕೆ ಅಂದು ಬೆಳಿಗ್ಗೆ ಹಿತ್ತಿಲಲ್ಲಿ ಏನು ಕೊಯ್ಯುತ್ತಿದ್ದಳು ಎಂದು ವ್ಯಾಖ್ಯಾನಕಾರರು ವಿಚಾರಿಸದಿರುವುದು ಖೇದಕರ.

ಇನ್ನು ಪ್ರಯೋಗ. ಕಲ್ಲಿನ ಬುಡದ ಗಿಡವನ್ನು ನೆಟ್ಟವರು ಯಾರು ಎಂದು ಅಮ್ಮಮ್ಮನನ್ನು ಕೇಳಿದಾಗ "ಯಾರೂ ನೆಟ್ಟಿದ್ವಿಲ್ಲೆ, ಅದು ಇದ್ದು" ಎಂದಳು. ಇದು ಶಬ್ದಪ್ರಮಾಣವಾದರೂ ಸಂಶೋಧಕನಿಗೆ ಸಾಲದು. ಮನುಷ್ಯ ಬುದ್ಧಿಪೂರ್ವಕವಾಗಿ ನೆಟ್ಟರೆ ಖಾರ ಬರುತ್ತದೆ ಎಂದು ಸಾಧಿಸಿದರೆ, ಹಿತ್ತಿಲ ಗಿಡವನ್ನೂ ಯಾರೋ ಪೂರ್ವಜರು ನೆಟ್ಟಿರಬೇಕು ಎಂದು ಅನುಮಾನ ಪ್ರಮಾಣದಿಂದ ಸಿದ್ಧವಾಗುತ್ತದೆ. ಹಾಗೆಂದು ಲೋಕದ ಘಟಾನುಘಟಿಗಳ ಬೀಜವನ್ನೇ ಕೊರಿಯರ್‌ನಲ್ಲಿ ತರಿಸಿದೆ. 2007ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ ಈಶಾನ್ಯ ಭಾರತದ ಭೂತ್ ಜೊಲೋಕಿಯಾ, 2013ರಲ್ಲಿ ಆ ಪಟ್ಟವೇರಿದ ಅಮೆರಿಕದ ಕ್ಯಾರೊಲಿನಾ ರೀಪರ್, ಜೊತೆಗೆ ಹಬನೆರೋ. ಅಂಗಳದಲ್ಲಿ ಸಾಲಾಗಿ ಗ್ರೋ ಬ್ಯಾಗು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಒಂದೊಂದಕ್ಕೂ ಹೆಸರಿನ ಫಲಕ. ಮಕ್ಕಳಿಗೆ ನೀರುಣಿಸುವ ಪಾಳಿಯ ಪಟ್ಟಿ ಬರೆದು ಜಗುಲಿಯ ಕಂಬಕ್ಕೆ ಅಂಟಿಸಿದ್ದೆ. ಊರಿನವರು ಬಂದು ನೋಡಿ, ಎಷ್ಟು ಖರ್ಚಾಯಿತು ಎಂದು ಮಾತ್ರ ಕೇಳಿ ಹೋದರು.

ಸಿದ್ದಾಪುರದ ಮಳೆ ಗಿನ್ನೆಸ್ ಪುಸ್ತಕ ಓದಿಲ್ಲ. ಜೂನ್‌ನಲ್ಲಿ ಹಿಡಿದದ್ದು ಬಿಡಲಿಲ್ಲ. ಜುಲೈ ಎರಡನೇ ವಾರಕ್ಕೆ ಹಬನೆರೋ ಬುಡ ಕೊಳೆತು ಮಲಗಿತು. ಭೂತದ ಎಲೆಗಳು ಮುರುಟಿ ಮುದ್ದೆಯಾದವು. ರೀಪರ್ ಒಂದನ್ನಾದರೂ ಉಳಿಸೋಣವೆಂದು, ಅಡಿಕೆ ಕೊನೆಗೆ ಹೊಡೆದು ಕೊಡದ ತಳದಲ್ಲಿ ಉಳಿದಿದ್ದ ಬೋರ್ಡೋ ದ್ರಾವಣ ಹೊಡೆದೆ. ಗಿಡ ನೀಲಿಯಾಗಿ, ವೇಷ ಕಟ್ಟಿದ ಕೃಷ್ಣನ ಹಾಗೆ ಕಂಡಿತು. ಅಪ್ಪಯ್ಯ ಕವಳದ ಸಂಚಿಯಿಂದ ತಲೆ ಎತ್ತದೆ, "ತ್ವಾಟಕ್ಕೆ ಕೊಳೆ ಬಂಜು, ಇಂವ ಮೆಣಸಿಗೆ ಮದ್ದು ಹೊಡಿತಾ ಇದ್ದ" ಎಂದು ಆಯಿಗೆ ವರದಿ ಒಪ್ಪಿಸಿದರು.

ಎರಡನೇ ವರ್ಷ ಪ್ಲಾಸ್ಟಿಕ್ ಹೊದೆಸಿ ಮೂರು ಗಿಡ ಉಳಿಸಿಕೊಂಡು, ಹನ್ನೊಂದು ಕಾಯಿ ಕಂಡೆ. ಪ್ರೌಢಪ್ರಬಂಧಕ್ಕೆ ಬಾಹ್ಯ ಪರೀಕ್ಷಕರು ಇರಬೇಕಷ್ಟೆ. ನಮ್ಮಲ್ಲಿ ಆ ಕೆಲಸ ಮಂಗಗಳದ್ದು. ಬೆಳಗಿನ ಆಸರಿ ಹೊತ್ತಿಗೆ ಏಳೆಂಟು ಮಂದಿಯ ಸಮಿತಿ ಹೆಂಚಿನ ಮೇಲಿಂದ ಇಳಿಯಿತು. ಅಧ್ಯಕ್ಷ ಒಂದು ರೀಪರ್ ಕಿತ್ತು, ಕಚ್ಚಿ, ಒಂದು ಕ್ಷಣ ದೂರದ ಗುಡ್ಡ ನೋಡುತ್ತ ಕುಳಿತ. ಆಮೇಲೆ ಪ್ರಬಂಧವನ್ನು ಬುಡಸಮೇತ ಕಿತ್ತು ಅಂಗಳದಾಚೆ ಎಸೆದ. ತಿದ್ದುಪಡಿ ಮಾಡಿ ಮತ್ತೆ ಸಲ್ಲಿಸಿ ಎಂಬ ಸೌಜನ್ಯದ ಮಾತೂ ಇಲ್ಲ.

ಅಷ್ಟೂ ದಿನ ಕಲ್ಲಿನ ಬುಡದ ಗಿಡ ಸೋಪಿನ ನೀರು ಕುಡಿದುಕೊಂಡು, ಯಾರ ಪಾಳಿಯೂ ಇಲ್ಲದೆ, ಮೈತುಂಬ ಸೂಜಿ ಚುಚ್ಚಿಕೊಂಡು ನಿಂತಿತ್ತು. ಅಮ್ಮಮ್ಮ ಕೈಗೆ ತೆಂಗಿನೆಣ್ಣೆ ಸವರಿಕೊಂಡು ಕೊಯ್ಯುತ್ತಿದ್ದಳು. ಹಸಿರು ಕಾಯಿ ತೊಟ್ಟುಸಮೇತ ಬರುತ್ತದೆ. ಹಣ್ಣಾದದ್ದು ಮುಟ್ಟಿದರೆ ಸಾಕು, ತೊಟ್ಟನ್ನು ಗಿಡದಲ್ಲೇ ಬಿಟ್ಟು ಕೈಗೆ ಬೀಳುತ್ತದೆ. ಈ ಸುಲಭ ಯಾರಿಗಾಗಿ ಎಂದು ಆಗ ಹೊಳೆಯಲಿಲ್ಲ. ಒಂದು ಕರಟ ತುಂಬಲು ಆಕೆಗೆ ಆಸರಿಯಿಂದ ಊಟದ ಹೊತ್ತಿನವರೆಗೆ ಬೇಕು. ಇದನ್ನು ಬೆಳೆದು ಶ್ರೀಮಂತರಾದವರ ಕಥೆ ನಮ್ಮ ಕಡೆ ಇಲ್ಲದಿರುವುದಕ್ಕೆ ಕಾರಣ ಬಹುಶಃ ಇಷ್ಟೇ.

ಈಗ ರಸ ಪ್ರಕರಣ. ಬೆಂಗಳೂರಿನ ಭಾವ ಬಂದಿದ್ದರು. ಅಪ್ಪೆಮಿಡಿ ಬೇಯಿಸಿ ಕಿವುಚಿ, ಇಂಗು ಸಾಸಿವೆ ಒಗ್ಗರಣೆ ಕೊಟ್ಟ ಅಪ್ಪೆಹುಳಿಯಲ್ಲಿ ಒಂದು ಕೆಂಪು ಸೂಜಿಮೆಣಸು ತೇಲುತ್ತಿತ್ತು. "ಆಂಧ್ರ ಮೆಸ್ಸಿನಲ್ಲಿ ನಾಲ್ಕು ವರ್ಷ ಉಂಡವ ನಾನು" ಎಂದು ಅದನ್ನು ಎತ್ತಿ, ಅಗಿದರು.

ಭರತನ ನಾಟ್ಯಶಾಸ್ತ್ರ ಎಂಟು ಸಾತ್ವಿಕ ಭಾವಗಳನ್ನು ಹೇಳುತ್ತದೆ. ಎಂಟೂ ಒಬ್ಬನೇ ಭಾವನಲ್ಲಿ ಒಂದೇ ಪಂಕ್ತಿಯಲ್ಲಿ ಉದಿಸಿದ್ದನ್ನು ಭರತನೂ ಕಂಡಿರಲಾರ. ಮೊದಲು ಸ್ತಂಭ: ಕೈಯಲ್ಲಿದ್ದ ತುತ್ತು ಬಾಳೆ ಎಲೆಗೂ ಬಾಯಿಗೂ ಮಧ್ಯೆ ನಿಂತಿತು. ಸ್ವೇದ: ಹಣೆಯಲ್ಲಲ್ಲ, ಮೂಗಿನ ತುದಿಯಲ್ಲಿ, ಸಾಲು ಸಾಲು. ರೋಮಾಂಚ. ಆಮೇಲೆ ಸ್ವರಭೇದ: ಏನಾಯಿತು ಎಂದು ಅಕ್ಕ ಕೇಳಿದ್ದಕ್ಕೆ ಬಂದ ಉತ್ತರ ಯಾವ ಶ್ರುತಿಯಲ್ಲಿತ್ತೆಂದು ಭಾಗವತರೇ ಹೇಳಬೇಕು. ವೇಪಥುವಿಗೆ ಎದುರಿನ ಮಜ್ಜಿಗೆ ಲೋಟ ಸಾಕ್ಷಿ. ವೈವರ್ಣ್ಯದ ವಿಷಯದಲ್ಲಿ, ಬಡಗುತಿಟ್ಟಿನ ಬಣ್ಣದ ವೇಷಕ್ಕೆ ಚೌಕಿಯಲ್ಲಿ ತಾಸುಗಟ್ಟಲೆ ಹಿಡಿಯುವ ಕೆಲಸ ಇಲ್ಲಿ ಅರೆನಿಮಿಷದಲ್ಲಿ ಮುಗಿಯಿತು. ಅಶ್ರು ಧಾರಾಳವಾಗಿ ಹರಿಯಿತು. ಎಂಟನೆಯದಾದ ಪ್ರಲಯ, ಎಂದರೆ ಮೂರ್ಛೆ, ಇನ್ನೇನು ಒದಗಬೇಕು, ಭಾವ ನೀರಿನ ಚೊಂಬಿಗೆ ಕೈಹಾಕಿದರು.

"ನೀರು ಕುಡಿಯಡಿ, ಜೋನಿಬೆಲ್ಲ ನೆಕ್ಕಿ!" ಎಂದು ಅಮ್ಮಮ್ಮ ಒಳಗಿಂದಲೇ ಕೂಗಿದಳು.

ವಿಜ್ಞಾನ ಅಮ್ಮಮ್ಮನ ಪಕ್ಷ. ಖಾರಕ್ಕೆ ಮೂಲವಾದ ಕ್ಯಾಪ್ಸೈಸಿನ್ ನೀರಿಗೆ ಬಗ್ಗುವುದಿಲ್ಲ, ಎಣ್ಣೆ ತುಪ್ಪಕ್ಕೆ ಬಗ್ಗುತ್ತದೆ. ನೀರು ಕುಡಿದರೆ ಅದು ಬಾಯೊಳಗೆ ಪ್ರವಾಸ ಹೊರಡುತ್ತದೆ, ಅಷ್ಟೆ. 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧ ತಜ್ಞ ಖಾರ ಅಳೆಯಲು ಒಂದು ಮಾನ ಕಂಡುಹಿಡಿದ. ಮೆಣಸಿನ ಸಾರಕ್ಕೆ ಸಕ್ಕರೆ ನೀರು ಬೆರೆಸುತ್ತ ಹೋಗುವುದು. ರುಚಿ ನೋಡುವ ಐವರಲ್ಲಿ ಮೂವರಿಗೆ ಖಾರ ತಿಳಿಯದಂತಾಗುವ ತನಕ ಎಷ್ಟು ಪಟ್ಟು ಬೆರೆಸಬೇಕಾಯಿತೋ ಅಷ್ಟು ಅಂಕ. ಸೂಜಿಮೆಣಸಿನ ಕುಲಕ್ಕೆ ಸಾಮಾನ್ಯವಾಗಿ 50 ಸಾವಿರದಿಂದ ಒಂದು ಲಕ್ಷ. ಸಿಹಿಯಿಂದ ಖಾರ ಅಳೆಯುವ ಈ ಪದ್ಧತಿ ನಮ್ಮ ಅಡುಗೆಮನೆಯಲ್ಲಿ ಜೋನಿಬೆಲ್ಲದ ರೂಪದಲ್ಲಿ ಚಾಲ್ತಿಯಲ್ಲಿದೆ. ಸ್ಕೋವಿಲ್‌ಗೆ ಐವರು ಬೇಕಾದರೆ ನಮಗೆ ಒಬ್ಬ ಅಳಿಯ ಸಾಕು. ಭಾವ ಮೂರೂವರೆ ಸೌಟಿಗೆ ನಿಂತರು.

ಬಾಯಿ ಉರಿಯುತ್ತದೆ ಎನ್ನುವ ಕನ್ನಡ ಎಷ್ಟು ನಿಖರ ಎಂಬುದನ್ನೂ ಇಲ್ಲೇ ದಾಖಲಿಸಬೇಕು. 1997ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಕ್ಯಾಪ್ಸೈಸಿನ್ ಹೋಗಿ ತಟ್ಟುವ ನರದ ಬಾಗಿಲನ್ನು ಪತ್ತೆ ಮಾಡಿದರು. ಸುಮಾರು 43 ಡಿಗ್ರಿ ದಾಟಿದ ಬಿಸಿಗೂ ಅದೇ ಬಾಗಿಲು ತೆರೆಯುತ್ತದೆ. ಹೀಗಾಗಿ ಬೆಂಕಿ ಬಿತ್ತೋ ಮೆಣಸು ಬಿತ್ತೋ ಮಿದುಳಿಗೆ ತಿಳಿಯದು. 2021ರಲ್ಲಿ ಜೂಲಿಯಸ್‌ಗೆ ನೊಬೆಲ್ ಬಂತು. ಭಾವನಿಗೆ ಏನೂ ಬರಲಿಲ್ಲ.

ಆ ಬಾಗಿಲಿನ ವಿಚಾರದಲ್ಲೇ ಕರ್ತೃತ್ವದ ಕೀಲಿಯೂ ಇದೆ. ಹಕ್ಕಿಗಳಲ್ಲಿ ಆ ಬಾಗಿಲು ಕ್ಯಾಪ್ಸೈಸಿನ್‌ಗೆ ತೆರೆಯುವುದಿಲ್ಲ. ಅವಕ್ಕೆ ಸೂಜಿಮೆಣಸು ಬರೀ ಹಣ್ಣು. 2001ರಲ್ಲಿ ಜೋಶುವಾ ಟ್ಯೂಕ್ಸ್‌ಬರಿ ಮತ್ತು ಗ್ಯಾರಿ ನಭಾನ್ 'ನೇಚರ್' ಪತ್ರಿಕೆಯಲ್ಲಿ ಅರಿಜೋನಾದ ಕಾಡುಮೆಣಸಿನ ಲೆಕ್ಕ ಕೊಟ್ಟಿದ್ದಾರೆ. ಇಲಿಗಳ ಹೊಟ್ಟೆಗೆ ಹೋದ ಬೀಜ ಮೊಳೆಯಲಿಲ್ಲ, ಹಕ್ಕಿಯ ಹೊಟ್ಟೆ ದಾಟಿದ್ದು ಮೊಳೆಯಿತು. ಹಲ್ಲಿದ್ದವರು ಬೀಜ ಅರೆಯುತ್ತಾರೆ. ಅವರನ್ನು ದೂರವಿಡಲೆಂದೇ ಖಾರ. ಹಲ್ಲಿಲ್ಲದ ಹಕ್ಕಿಗೆ ಸುಸ್ವಾಗತ. ಎರಡು ಮಳೆಗಾಲ ವ್ಯರ್ಥ ಮಾಡಿ ನಾನು ಈ ಲೇಖನದ ಸಾರ ವಿವರಿಸಿದಾಗ ಅಮ್ಮಮ್ಮ, ಈಗ ಹಲ್ಲಿಲ್ಲದವಳು, ಅದನ್ನು ಎರಡೇ ವಾಕ್ಯಕ್ಕಿಳಿಸಿದಳು: "ಹಕ್ಕಿ ಬಿತ್ತಿದ್ದು ಬತ್ತು ತಮಾ. ನೀ ಬಿತ್ತಿದ್ದು ಬತ್ತಿಲ್ಲೆ."

ಕರ್ತೃ, ಹಾಗಾದರೆ, ಪಿಕಳಾರ. ತಲೆಯ ಮೇಲೆ ಕರಿ ಜುಟ್ಟು, ಕೆನ್ನೆಯಲ್ಲೊಂದು ಕೆಂಪು, ಬಾಲದ ಬುಡದಲ್ಲೊಂದು ಕೆಂಪು. ಮೆಣಸು ತಿಂದವರಿಗೆ ಎಲ್ಲೆಲ್ಲಿ ಕೆಂಪಾಗಬೇಕೋ ಅಲ್ಲೆಲ್ಲ ಆಗಿದೆ, ಬೇನೆ ಮಾತ್ರ ಇಲ್ಲ. ಬಟ್ಟೆ ಒಣಹಾಕುವ ತಂತಿ ಅದರ ಪೀಠ. ತಂತಿಯ ನೆರಳು ಬೀಳುವ ಸಾಲಿನಲ್ಲೇ ಏಳು ಸಸಿಗಳು ಎದ್ದಿರುವುದನ್ನು ಅಳತೆಪಟ್ಟಿ ಹಿಡಿದು ದೃಢಪಡಿಸಿಕೊಂಡಿದ್ದೇನೆ. ಇರುವೆಗಳೇ ಸಾಗಿಸಿರಬೇಕು ಎಂಬ ಪೂರ್ವಪಕ್ಷವನ್ನು ಮಂಡಿಸಿದವರು ನೆರೆಮನೆಯವರು. ಅವರ ಹಿತ್ತಿಲಲ್ಲಿ ಗಿಡವೇ ಇಲ್ಲದ್ದರಿಂದ ಆ ವಾದವನ್ನು ಕೈಬಿಡಲಾಗಿದೆ.

ಇದರಿಂದ ಒಂದು ಕಾನೂನಿನ ತೊಡಕು ಎದ್ದಿದೆ. ನಮ್ಮ ಪಕ್ಕದ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು. 1974ರಲ್ಲಿ ಉಳುವವನೇ ಹೊಲದೊಡೆಯ ಎಂದು ಕಾಯಿದೆಯೇ ಆಯಿತು. ಬಿತ್ತುವುದು, ಗೊಬ್ಬರ ಹಾಕುವುದು, ಕೊಯ್ಯುವುದು ಮೂರನ್ನೂ, ಅದರಲ್ಲಿ ಮೊದಲಿನ ಎರಡನ್ನು ಒಂದೇ ಏಟಿಗೆ, ಸ್ವಂತ ದೇಹಶ್ರಮದಿಂದ ನಡೆಸುತ್ತಿರುವ ಪಿಕಳಾರಕ್ಕೆ ಹಿತ್ತಿಲಿನ ಹಕ್ಕು ಏಕಿಲ್ಲ? ಪಹಣಿಯ ಸಾಗುವಳಿದಾರರ ಕಾಲಂನಲ್ಲಿ ಅಪ್ಪಯ್ಯನ ಹೆಸರಿದೆ. ಸೂಜಿಮೆಣಸಿನ ಮಟ್ಟಿಗೆ ಅವರು ಉಂಡದ್ದು ಬಿಟ್ಟರೆ ಬೇರೇನೂ ಮಾಡಿದವರಲ್ಲ. ಆದರೆ ಭೂನ್ಯಾಯ ಮಂಡಳಿಗೆ ಫಾರಂ ನಂಬರ್ 7 ಸಲ್ಲಿಸುವ ಕೊನೆಯ ದಿನ 30 ಜೂನ್ 1979. ಅಷ್ಟರೊಳಗೆ ಯಾವ ಪಿಕಳಾರವೂ ಅರ್ಜಿ ಹಾಕಿದ್ದು ನಮ್ಮ ಮನೆಯ ಕಾಗದಪತ್ರಗಳಲ್ಲಿ ಕಾಣುವುದಿಲ್ಲ. ಅಪ್ಪಯ್ಯ ನಿರಾಳವಾಗಿ ಕವಳ ಹಾಕಿದರು.

ಪ್ರಬಂಧ ಇಲ್ಲಿಗೆ ಮುಗಿದಿತ್ತು. ಅಡಿಕೆ ಹರವುವ ಕಾಲಕ್ಕೆ, ಮಳೆಗಾಲದ ಮುಗ್ಗಲು ವಾಸನೆ ಹೊಡೆಯುತ್ತಿದ್ದ ಹಸ್ತಪ್ರತಿಯನ್ನೂ ಅಂಗಳದಲ್ಲಿ ಬಿಸಿಲಿಗೆ ಹಾಕಿದೆ. ಹಾರದಂತೆ ಒಂದೊಂದು ಹಾಳೆಯ ಮೇಲೂ ಒಂದೊಂದು ಗೋಟಡಿಕೆ. ಜಾಗ ಸಾಲದೆ ಒಂದು ಹಾಳೆ ಹಿತ್ತಿಲ ಕಡೆ ಸರಿದು ತಂತಿಯ ಕೆಳಗೆ ಬಂತು. ಮಧ್ಯಾಹ್ನ ನೋಡಿದರೆ ಅದರ ಕೊನೆಯ ಸಾಲಿನ ಕೆಳಗೆ, ಸಹಿ ಹಾಕುವ ಜಾಗದಲ್ಲೇ, ಚಪ್ಪಟೆಯಾದ ಮೂರು ಬೀಜಗಳಿದ್ದ ಒಂದು ಬಿಳಿಯ ಮುದ್ರೆ. ಒರೆಸಲು ಹೋದವನ ಕೈಯಿಂದ ಅಮ್ಮಮ್ಮ ಹಾಳೆ ಕಿತ್ತುಕೊಂಡು, ನಾಲ್ಕು ಮಡಿಕೆ ಮಾಡಿ, ಕರಟದಲ್ಲಿಟ್ಟು, ಮೇಲೆ ಒಂದು ಹಿಡಿ ಮಣ್ಣು ಎಳೆದಳು.

ಆದ್ದರಿಂದ ಮೂಲ ಹಸ್ತಪ್ರತಿ 6ನೇ ಪುಟದಿಂದ ನೇರ 8ಕ್ಕೆ ಹೋಗುತ್ತದೆ. ನಡುವೆ ಎಲ್ಲಾದರೂ ವಾದ ಕಡಿದಂತೆ ಕಂಡಿದ್ದರೆ ಓದುಗರು ಮನ್ನಿಸಬೇಕು. 7ನೇ ಪುಟ ಮೊನ್ನೆ ಎರಡೆಲೆ ಬಿಟ್ಟಿದೆ.